ಮೇನ್ ಆಫ್ ಮಾಡಿದರೂ ಕರೆಂಟು ಇರುತ್ತದೆ

ಮೂರು ವರ್ಷದ ಹಿಂದಿನ ಆಷಾಢ. ಸಾಗರದ ಹತ್ತಿರದ ಹಳ್ಳಿಯೊಂದರಲ್ಲಿ ಹಳೇ ಮನೆಯ ಜಗಲಿಗೆ ಫ್ಯಾನ್ ಕೂರಿಸುವ ಕೆಲಸವಿತ್ತು. ನಾನೇ ಮೇನ್ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೆ. ‘ಹತ್ತೋ, ಕರೆಂಟಿಲ್ಲ’ ಎಂದು ಜೊತೆಗೆ ಕೆಲಸ ಕಲಿಯುತ್ತಿದ್ದ ಹುಡುಗನಿಗೆ ಹೇಳಿದೆ. ಅವನು ಏಣಿ ಹತ್ತಿ, ಒಂದು ಕೈಯನ್ನು ಮಳೆಗೆ ಒದ್ದೆಯಾಗಿದ್ದ ಗೋಡೆಗೆ ಊರಿ, ಇನ್ನೊಂದು ಕೈಯಲ್ಲಿ ವೈರ್ ಹಿಡಿದ. ಮರುಕ್ಷಣ ನೆಲದ ಮೇಲಿದ್ದ. ಮಣಿಕಟ್ಟು ಮುರಿದಿತ್ತು. ತಲೆ ಅಡಿಕೆ ಚೀಲದ ಮೇಲೆ ಬಿದ್ದದ್ದರಿಂದ ಜೀವ ಉಳಿಯಿತು.

ಒಳಕೋಣೆಯ ಮಂಚದಡಿ ಯುಪಿಎಸ್ ಇತ್ತು. ನಾನು ಫ್ಯೂಸ್ ಕಿತ್ತದ್ದೇ ತಡ, ಕರೆಂಟು ಹೋಯಿತೆಂದು ಅದು ತನ್ನ ಕೆಲಸ ಶುರು ಮಾಡಿತ್ತು. ನಾನು ಕೇಳಲಿಲ್ಲ. ಮನೆಯವರು ಹೇಳಲಿಲ್ಲ, ಅದು ಹೇಳಬೇಕಾದ ಸಂಗತಿ ಎಂದು ಅವರಿಗೆ ಯಾರೂ ತಿಳಿಸಿರಲೂ ಇಲ್ಲ. ತಪ್ಪು ನನ್ನದು. ಅವತ್ತಿನಿಂದ ಯಾವ ಮನೆಯ ಹೊಸ್ತಿಲು ದಾಟಿದರೂ ನನ್ನ ಮೊದಲ ಮಾತು ಒಂದೇ: ‘ಯುಪಿಎಸ್ ಇದೆಯಾ?’

ನಮ್ಮ ಕಡೆ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕತ್ತಲೆ. ಹಾಗಾಗಿ ಯುಪಿಎಸ್ ಇಲ್ಲದ ಮನೆ ಈಗ ಅಪರೂಪ. ಕೊಳ್ಳುವಾಗ ಎಲ್ಲರೂ ಕೇಳುವುದು ಎಷ್ಟು ಗಂಟೆ ಬರುತ್ತದೆ, ವಾರಂಟಿ ಎಷ್ಟು ಎಂದು. ಮಾರುವವರೂ ಅಷ್ಟಕ್ಕೇ ಉತ್ತರ ಹೇಳಿ, ವೈರ್ ಸಿಕ್ಕಿಸಿ, ಬಿಲ್ಲು ಕೊಟ್ಟು ಹೊರಡುತ್ತಾರೆ. ಇದು ಸಾಲದು. ಮೇನ್ ಆಫ್ ಮಾಡಿದರೂ ಬ್ಯಾಟರಿಯಿಂದ 230 ವೋಲ್ಟ್ ಬರುತ್ತದೆ. ಯುಪಿಎಸ್‌ನ ಮುಂದಿನ ಸ್ವಿಚ್ ಮಾತ್ರ ಆಫ್ ಮಾಡಿದರೆ ಕೆಇಬಿ ಕರೆಂಟು ಅದರೊಳಗಿನಿಂದಲೇ ಹಾದು ಹೋಗುತ್ತದೆ. ಎರಡನ್ನೂ ಆಫ್ ಮಾಡಬೇಕು, ಆಮೇಲೂ ಟೆಸ್ಟರ್ ಇಟ್ಟು ನೋಡಬೇಕು. ಆ ಟೆಸ್ಟರ್ ಸರಿ ಇದೆಯೇ ಎಂದು ಮೊದಲೇ, ಕರೆಂಟು ಇರುವ ಪ್ಲಗ್ಗಿನಲ್ಲಿ ಪರೀಕ್ಷಿಸಿರಬೇಕು. ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿಸಿದ್ದೇವೆ, ಭಯವಿಲ್ಲ ಎನ್ನುವವರೂ ಕೇಳಿಸಿಕೊಳ್ಳಿ: ಮೇನ್ ಬೋರ್ಡಿನಲ್ಲಿರುವ ಇಎಲ್‌ಸಿಬಿ ಬಿದ್ದರೂ ಯುಪಿಎಸ್ ನಿಲ್ಲುವುದಿಲ್ಲ. ಬ್ಯಾಟರಿ ಕರೆಂಟನ್ನು ಕಡಿಯುವುದು ಅದರ ಕೈಯಲ್ಲಿಲ್ಲ.

ನನ್ನ ಚೀಲದಲ್ಲಿ ಒಂದು ಹಳೇ 10-12 ಸ್ಪ್ಯಾನರ್ ಇದೆ. ಅದರ ನಡುವೆ ಇಲಿ ಕಚ್ಚಿದಂತೆ ಒಂದು ತೂತು. ಕಬ್ಬಿಣ ಕರಗಿ ಹೋದ ಜಾಗ ಅದು. ಬ್ಯಾಟರಿಯ ಒಂದು ಟರ್ಮಿನಲ್ ಬಿಗಿ ಮಾಡುವಾಗ ಅದರ ಹಿಡಿ ಇನ್ನೊಂದಕ್ಕೆ ತಾಗಿತ್ತು. ‘ಹನ್ನೆರಡು ವೋಲ್ಟ್ ತಾನೇ, ಏನಾಗುತ್ತದೆ’ ಎನ್ನುವವರ ಕೈಗೆ ನಾನು ಈ ಸ್ಪ್ಯಾನರ್ ಕೊಡುತ್ತೇನೆ. ಹನ್ನೆರಡು ವೋಲ್ಟಿಗೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ 150 ಎಎಚ್ ಬ್ಯಾಟರಿ ಶಾರ್ಟ್ ಆದರೆ ಸಾವಿರ ಆಂಪ್ ದಾಟಿ ಹರಿಯಬಲ್ಲದು. ಸ್ಪ್ಯಾನರ್ ಜಾಗದಲ್ಲಿ ಉಂಗುರವೋ ಬಳೆಯೋ ಇದ್ದರೆ ಬೆರಳಿನ ಗತಿ ಏನು? ಬ್ಯಾಟರಿ ಮುಟ್ಟುವ ಮುಂಚೆ ಉಂಗುರ, ವಾಚು, ಬಳೆ ತೆಗೆದಿಡಿ. ಸ್ಪ್ಯಾನರಿಗೆ ಹಿಡಿಯ ತುಂಬ ಇನ್ಸುಲೇಷನ್ ಟೇಪ್ ಸುತ್ತಿ. ಮೊದಲು ಮೈನಸ್ ಬಿಚ್ಚಿ.

ಬ್ಯಾಟರಿಯನ್ನು ದೇವರ ಮನೆಯ ಮೂಲೆಯಲ್ಲಿ ಇಟ್ಟಿದ್ದನ್ನೂ ಕಂಡಿದ್ದೇನೆ, ಮೇಲೆ ನಂದಾದೀಪ. ಎರಡು ದಿನ ಕರೆಂಟು ಇಲ್ಲದೆ ಖಾಲಿಯಾದ ಬ್ಯಾಟರಿ ಮತ್ತೆ ಚಾರ್ಜ್ ಆಗಿ ತುಂಬುತ್ತ ಬಂದಾಗ ಒಳಗಿನ ನೀರು ಗುಳುಗುಳು ಎನ್ನುತ್ತದೆ. ಆ ಗುಳ್ಳೆಯಲ್ಲಿರುವುದು ಹೈಡ್ರೋಜನ್. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಗಾಳಿಯಾಡುವ ಕಡೆ, ದೀಪದಿಂದ, ಒಲೆಯಿಂದ ದೂರ ಇಡಿ. ನೀರು ನೋಡುವಾಗ ಬೆಂಕಿಕಡ್ಡಿ ಗೀರುವ ಅಭ್ಯಾಸ ಇನ್ನೂ ಕೆಲವರಿಗೆ ಇದೆ. ದಯವಿಟ್ಟು ಬಿಡಿ, ಟಾರ್ಚ್ ಹಿಡಿಯಿರಿ. ಕೊಳೆತ ಮೊಟ್ಟೆಯ ವಾಸನೆ ಬಂದು ಬ್ಯಾಟರಿ ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ ಆ ಕೋಣೆಯ ಯಾವ ಸ್ವಿಚ್ಚನ್ನೂ ಮುಟ್ಟದೆ, ಹೊರಗಿನ ಮೇನ್ ಬೋರ್ಡಿನಲ್ಲಿ ಕರೆಂಟು ತೆಗೆದು, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು ಫೋನ್ ಮಾಡಿ.

ಫೋನ್ ಎಂದಾಗ ನೆನಪಾಯಿತು. ನನಗೆ ಬರುವ ಹೆಚ್ಚಿನ ಕರೆಗಳು ಬೆಳಗ್ಗೆ ಏಳರ ಆಸುಪಾಸು, ಮಾಡುವವರು ಮನೆಯ ಹೆಂಗಸರು.

‘ಅಣ್ಣಾ, ಯುಪಿಎಸ್ ಕುಂಯ್ ಕುಂಯ್ ಅಂತಾ ಇದೆ.’

‘ಅಕ್ಕಾ, ಮಿಕ್ಸಿ ಹಾಕಿದ್ರಾ?’

‘ಚಟ್ನಿಗೆ ಹಾಕಿದ್ದೆ ಮಾರಾಯ.’

‘ಮಿಕ್ಸಿ ತೆಗೀರಿ. ಯುಪಿಎಸ್ ಆಫ್ ಮಾಡಿ, ಎರಡು ನಿಮಿಷ ಬಿಟ್ಟು ಹಾಕಿ.’

ಅಷ್ಟಕ್ಕೇ ಸರಿಯಾಗುತ್ತದೆ. 900 ವಿಎ ಯುಪಿಎಸ್ ಹೊರುವುದು ಸುಮಾರು 700 ವಾಟ್. ಎರಡು ಫ್ಯಾನು, ನಾಲ್ಕು ಲೈಟು ಇರುವಾಗ 750 ವಾಟಿನ ಮಿಕ್ಸಿ ಸೇರಿದರೆ ಅದು ಕೂಗದೆ ಇನ್ನೇನು ಮಾಡೀತು? ಲೋಡ್ ತೆಗೆದರೂ ಮತ್ತೆ ಮತ್ತೆ ಕೂಗಿದರೆ ನೀರು ನೋಡಿ, ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕೂತಿದೆಯೇ ನೋಡಿ. ನೀರೆಂದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬಾವಿಯದೂ ಬೇಡ, ಅಡುಗೆಮನೆಯ ಫಿಲ್ಟರಿನದೂ ಬೇಡ. ಆಸಿಡ್ ಅಂತೂ ಎಂದೂ ಹಾಕಬೇಡಿ. ಆಸಿಡ್ ಮೈಗೆ ಸಿಡಿದರೆ ಹದಿನೈದು ನಿಮಿಷ ನೀರು ಸುರಿಯುತ್ತಲೇ ಇರಿ. ಕಣ್ಣಿಗಾದರೆ ತೊಳೆದು ನೇರ ಆಸ್ಪತ್ರೆಗೆ ಹೋಗಿ. ಇದಕ್ಕಿಂತ ಮುಂದಿನದು, ಅಂದರೆ ಯುಪಿಎಸ್ ಡಬ್ಬಿಯ ಸ್ಕ್ರೂ ಬಿಚ್ಚುವುದು, ಕೆಲಸ ಕಲಿತವರಿಗೆ ಬಿಡಿ. ಆಫ್ ಆದ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ.

ಇಷ್ಟನ್ನು ಹೇಳಿಕೊಡಲು ಹದಿನೈದು ನಿಮಿಷ ಸಾಕು. ಸಾವಿರಾರು ರೂಪಾಯಿಯ ಸಾಮಾನು ಮಾರುವವರು ಆ ಹದಿನೈದು ನಿಮಿಷ ಕೊಡಲೇಬೇಕು. ಬಿಲ್ಲಿಗೆ ಸಹಿ ಹಾಕುವ ಯಜಮಾನರ ಜೊತೆಗೆ, ದಿನವಿಡೀ ಮನೆಯಲ್ಲಿದ್ದು ಆ ಕೂಗು ಕೇಳಿಸಿಕೊಳ್ಳುವವರನ್ನೂ ಕರೆದು ನಿಲ್ಲಿಸಿ ತೋರಿಸಬೇಕು. ಹಳೇ ಬ್ಯಾಟರಿಯನ್ನು ಗುಜರಿಯವನಿಗೆ ಕೊಡದೆ ಅಂಗಡಿಗೇ ತಿರುಗಿ ಕೊಡಿ ಎಂದೂ ಹೇಳಬೇಕು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಲ್ಲಿ ಹಳೇ ಬ್ಯಾಟರಿ ವಾಪಸು ಪಡೆಯುವ ಹೊಣೆ ತಯಾರಕರ ಮೇಲಿದೆ. ಒಳಗಿರುವ ಸೀಸ ನಮ್ಮ ಬಾವಿಯ ನೀರಿಗೆ ಇಳಿಯಬಾರದು.

ಆ ಹುಡುಗ ಈಗ ಸ್ವಂತ ಕೆಲಸ ಹಿಡಿದಿದ್ದಾನೆ. ಮಳೆ ಬಂದರೆ ಮಣಿಕಟ್ಟು ಇನ್ನೂ ನೋಯುತ್ತದಂತೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೆ. ಇವತ್ತು ಸಂಜೆ ಮಕ್ಕಳ ಹತ್ತಿರ ಮಾರ್ಕರ್ ಪೆನ್ ಇಸಿದುಕೊಂಡು, ನಿಮ್ಮ ಮೇನ್ ಬೋರ್ಡಿನ ಮೇಲೆ ಕಣ್ಣಿಗೆ ಕಾಣುವ ಹಾಗೆ ಬರೆಯಿರಿ: ‘ಈ ಮನೆಯಲ್ಲಿ ಯುಪಿಎಸ್ ಇದೆ. ಅದನ್ನೂ ಆಫ್ ಮಾಡಿ, ಆಮೇಲೆ ಏಣಿ ಹತ್ತಿ.’