ನರ್ಸಿಂಗ್ ಹುಡುಗಿಗೂ ಇರಲಿ ಒಂದು ಆನರ್ಸ್

ಕಾಲೇಜು ಪ್ರವೇಶದ ತಿಂಗಳು ಬಂತೆಂದರೆ ಕಾತ್ರಜ ಚೌಕದಲ್ಲಿ ಬೆಳಗಿನ ಜಾವ ಕನ್ನಡ ಕೇಳಿಸುತ್ತದೆ. ಹುಬ್ಬಳ್ಳಿ, ಬೆಳಗಾವಿ, ಚಿಕ್ಕೋಡಿ, ನಿಪ್ಪಾಣಿ ಕಡೆಯಿಂದ ಘಾಟಿ ಇಳಿದು ಬರುವ ಬಸ್ಸುಗಳಿಂದ ಅಪ್ಪ, ಮಗಳು, ಒಂದು ಟ್ರಂಕು ಕೆಳಗಿಳಿಯುತ್ತವೆ. ಧನಕವಡಿಗೆ ಹೋಗುವ ಆಟೋ ಯಾವುದು ಎಂದು ಅಪ್ಪ ಮುರುಕು ಮರಾಠಿಯಲ್ಲಿ ಕೇಳುತ್ತಾನೆ. ಪುಣೆ–ಸಾತಾರಾ ರಸ್ತೆಯ ಈ ಭಾಗದಲ್ಲಿ ಭಾರತಿ ವಿದ್ಯಾಪೀಠದ ವೈದ್ಯಕೀಯ, ದಂತವೈದ್ಯ, ಆಯುರ್ವೇದ, ಹೋಮಿಯೋಪಥಿ, ನರ್ಸಿಂಗ್ ಕಾಲೇಜುಗಳೆಲ್ಲ ಒಂದೇ ಆವರಣದಲ್ಲಿವೆ. ಸುತ್ತಲಿನ ಗಲ್ಲಿಗಳಲ್ಲಿ ಪಿ.ಜಿ.ಗಳು, ಮೆಸ್ಸುಗಳು, ಜೆರಾಕ್ಸ್ ಅಂಗಡಿಗಳು. ನನ್ನ ಮನೆ ಇಲ್ಲಿ. ನಾನು ಬಯೋಕೆಮಿಸ್ಟ್ರಿ ಕಲಿಸುವ ಕಾಲೇಜು ಊರಿನ ಇನ್ನೊಂದು ತುದಿಯಲ್ಲಿದೆ.

ಆ ಕಾಲೇಜಿನಲ್ಲಿ ಕೆಲವು ತಿಂಗಳ ಹಿಂದೆ ಆನರ್ಸ್ ಕಾರ್ಯಕ್ರಮ ರೂಪಿಸಲು ಒಂದು ಸಮಿತಿ ಮಾಡಿದರು. ನಾನೂ ಒಬ್ಬ ಸದಸ್ಯ. ಮೊದಲ ಸಭೆ ಎರಡು ಗಂಟೆ ನಡೆಯಿತು. ಅದರಲ್ಲಿ ಒಂದೂವರೆ ಗಂಟೆ ಚರ್ಚೆಯಾದದ್ದು ಶೇಕಡಾ ಎಷ್ಟು ಅಂಕ ಬಂದವರನ್ನು ಸೇರಿಸಬೇಕು ಎನ್ನುವುದು. ಉಳಿದ ಅರ್ಧ ಗಂಟೆ ಪ್ರಮಾಣಪತ್ರದ ಮೇಲೆ ಬಂಗಾರದ ಅಂಚು ಇರಬೇಕೋ ಬೇಡವೋ ಎಂಬುದಕ್ಕೆ ಹೋಯಿತು. ಸಮೋಸ ಚೆನ್ನಾಗಿತ್ತು.

ಸಭೆ ಮುಗಿಸಿ ಬರುವಾಗ ನನಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ನೆನಪಾದಳು. ಬೆಳಗಾವಿ ಜಿಲ್ಲೆಯ ಹುಡುಗಿ, ಕನ್ನಡ ಮಾಧ್ಯಮ, ಲ್ಯಾಬ್ ತಂತ್ರಜ್ಞೆಯ ಕೋರ್ಸು. ಅಂಕ ಅರವತ್ತರ ಆಚೀಚೆ. ಆಸ್ಪತ್ರೆಯ ಲ್ಯಾಬಿನಲ್ಲಿ ಪೋಸ್ಟಿಂಗ್ ಇದ್ದಾಗ ಅವಳು ಬಂದು ಕೇಳಿದಳು: ‘ಸರ್, ತುರ್ತು ಚಿಕಿತ್ಸಾ ವಿಭಾಗದಿಂದ ಬರೋ ಸ್ಯಾಂಪಲ್ಲು ವಾರ್ಡಿನ ಸ್ಯಾಂಪಲ್ಲಿಗಿಂತ ಹೆಚ್ಚು ಕೆಂಪಾಗಿರ್ತಾವಲ್ಲ, ಯಾಕ?’

ಬಲು ಒಳ್ಳೆಯ ಪ್ರಶ್ನೆ. ರಕ್ತ ತೆಗೆಯುವಾಗ ಕೆಂಪುಕಣಗಳು ಒಡೆದರೆ ಮೇಲೆ ನಿಲ್ಲಬೇಕಾದ ತಿಳಿಹಳದಿ ಸೀರಮ್ ಕೆಂಪಗಾಗುತ್ತದೆ. ಇದನ್ನು ಹೀಮೋಲಿಸಿಸ್ ಎನ್ನುತ್ತೇವೆ. ಕಣದೊಳಗಿನ ಪೊಟ್ಯಾಸಿಯಂ ಹೊರಗೆ ಸೋರುವುದರಿಂದ ವರದಿಯಲ್ಲಿ ಅದರ ಅಂಕಿ ಸುಳ್ಳಾಗಿ ಏರುತ್ತದೆ. ನಿಜವಾಗಿ ಪೊಟ್ಯಾಸಿಯಂ ಏರಿದ್ದರೆ ಅದು ಹೃದಯಕ್ಕೆ ಅಪಾಯ. ಹಾಗಾಗಿ ಅನುಮಾನ ಬಂದ ಸ್ಯಾಂಪಲ್ಲನ್ನು ತಳ್ಳಿಹಾಕಿ ರೋಗಿಗೆ ಇನ್ನೊಮ್ಮೆ ಸೂಜಿ ಚುಚ್ಚಬೇಕಾಗುತ್ತದೆ. ತುರ್ತು ವಿಭಾಗದಲ್ಲಿ ಆ ಅರ್ಧ ಗಂಟೆಗೆ ಬೆಲೆಯಿದೆ. ಕಾರಣಗಳು ಹಲವು. ಅವಸರದಲ್ಲಿ ಸಲೈನ್‌ಗೆ ಹಾಕಿದ ಕ್ಯಾನ್ಯುಲಾದಿಂದಲೇ ರಕ್ತ ಎಳೆಯುವುದು, ಸಣ್ಣ ಸೂಜಿ, ಸಿರಿಂಜಿನಿಂದ ಟ್ಯೂಬಿಗೆ ಜೋರಾಗಿ ಒತ್ತುವುದು, ತೋಳಿಗೆ ಕಟ್ಟಿದ ಪಟ್ಟಿಯನ್ನು ಹೊತ್ತು ಮೀರಿ ಬಿಡುವುದು. ನಮ್ಮ ಆಸ್ಪತ್ರೆಯಲ್ಲಿ ಇವುಗಳಲ್ಲಿ ಯಾವುದು ಎಷ್ಟು ಎಂದು ಆ ಹುಡುಗಿ ಎರಡು ತಿಂಗಳು ಕೂತು ಎಣಿಸಿದ್ದರೆ ಗೊತ್ತಾಗುತ್ತಿತ್ತು. ಒಂದು ನೋಟುಬುಕ್ಕು, ಒಂದು ಪೆನ್ನು ಸಾಕಿತ್ತು.

ನಾನು ಹೇಳಿದ್ದು: ‘ಮೊದಲು ರೆಕಾರ್ಡ್ ಪುಸ್ತಕ ಮುಗಿಸು.’

ಅವಳು ಮುಗಿಸಿದಳು. ಪಾಸಾದಳು. ಈಗ ಇದೇ ಊರಿನ ಯಾವುದೋ ಡಯಾಗ್ನೋಸ್ಟಿಕ್ ಸೆಂಟರಿನಲ್ಲಿದ್ದಾಳೆ. ನಮ್ಮ ಸಮಿತಿ ಬರೆದುಕೊಂಡಿರುವ ಕಟ್ಟಳೆಯ ಪ್ರಕಾರ ಅವಳಿಗೆ ಆನರ್ಸಿನ ಬಾಗಿಲೇ ತೆರೆಯುತ್ತಿರಲಿಲ್ಲ.

ಆನರ್ಸ್ ಎಂಬ ಪದ ಕನ್ನಡಿಗರಿಗೆ ಹೊಸದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನ ಬಿ.ಎ. ಆನರ್ಸ್ ಎಂದರೆ ಒಂದು ಕಾಲಕ್ಕೆ ಅದಕ್ಕೊಂದು ತೂಕವಿತ್ತು, ಎ.ಕೆ. ರಾಮಾನುಜನ್ ಇಂಗ್ಲಿಷ್ ಆನರ್ಸ್ ಓದಿದ್ದು ಅಲ್ಲೇ. ಅಲ್ಲಿ ಆ ಪದಕ್ಕೆ ಒಂದೇ ವಿಷಯದಲ್ಲಿ ಆಳಕ್ಕೆ ಇಳಿಯುವುದು ಎಂಬ ಅರ್ಥವಿತ್ತು. ಆಮೇಲೆ ಪದ ಮರೆಗೆ ಸರಿಯಿತು. ರಾಷ್ಟ್ರೀಯ ಶಿಕ್ಷಣ ನೀತಿ 2020 ಅದನ್ನು ಮತ್ತೆ ತಂದಿತು. ಯುಜಿಸಿ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿ ನಾಲ್ಕು ವರ್ಷ ಓದಿದರೆ ಆನರ್ಸ್. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ಅಂಕ ಬಂದವರಿಗೆ ಸಂಶೋಧನೆಸಹಿತ ಆನರ್ಸ್. ಕರ್ನಾಟಕ 2021–22ರಲ್ಲೇ ನಾಲ್ಕು ವರ್ಷದ ಪದವಿಗೆ ಹೊರಟು, ಸರ್ಕಾರ ಬದಲಾದ ಮೇಲೆ 2024ರ ಮೇ ತಿಂಗಳಲ್ಲಿ ಮೂರು ವರ್ಷಕ್ಕೆ ಮರಳಿತು. ಮಹಾರಾಷ್ಟ್ರ ನಾಲ್ಕು ವರ್ಷದ ದಾರಿಯಲ್ಲೇ ಇದೆ. ನಿಪ್ಪಾಣಿಯಲ್ಲಿ ಬಿ.ಎಸ್ಸಿ. ಓದುವ ಅಣ್ಣನಿಗೂ ಕೊಲ್ಹಾಪುರದಲ್ಲಿ ಓದುವ ತಂಗಿಗೂ ಪದವಿಯ ಉದ್ದವೇ ಬೇರೆ. ಗಡಿಯ ಮನೆಗಳಲ್ಲಿ ಈಗ ಇದೂ ಒಂದು ಮಾತು.

ಆರೋಗ್ಯ ವಿಜ್ಞಾನದ ಕೋರ್ಸುಗಳಿಗೆ ಈ ಜಗ್ಗಾಟ ತಟ್ಟಿಲ್ಲ. ಅವುಗಳ ಪಠ್ಯಕ್ರಮ ಆಯಾ ವೃತ್ತಿಯ ಪರಿಷತ್ತುಗಳ ಕೈಯಲ್ಲಿದೆ. ಬಿ.ಎಸ್ಸಿ. ನರ್ಸಿಂಗ್ ಮೊದಲಿನಿಂದಲೂ ನಾಲ್ಕು ವರ್ಷದ್ದೇ, ಆದರೂ ಹೆಚ್ಚಿನ ಕಾಲೇಜುಗಳಲ್ಲಿ ಅದಕ್ಕೆ ಆನರ್ಸ್ ಎನ್ನುವುದಿಲ್ಲ. ಹಾಗಾಗಿ ಒಂದು ಕಾಲೇಜು ಪದವಿಯ ಹೆಸರು ಬದಲಿಸದೆ, ವರ್ಷ ಸೇರಿಸದೆ, ಯಾವ ಸರ್ಕಾರದ ಆದೇಶಕ್ಕೂ ಕಾಯದೆ ತನ್ನೊಳಗೇ ಆನರ್ಸ್ ಕಟ್ಟಬಹುದು.

ಎಂಬಿಬಿಎಸ್, ಬಿಡಿಎಸ್ ಓದುವವರಿಗೆ ಇಂಥ ಬಾಗಿಲು ಆಗಲೇ ಇದೆ. ಐಸಿಎಂಆರ್ 1979ರಿಂದ ಅವರಿಗಾಗಿ ಅಲ್ಪಾವಧಿ ಸಂಶೋಧನಾ ವಿದ್ಯಾರ್ಥಿವೇತನ ನಡೆಸುತ್ತಿದೆ: ಎರಡು ತಿಂಗಳು, ಒಬ್ಬ ಮಾರ್ಗದರ್ಶಕ, ಒಂದು ಪ್ರಶ್ನೆ, ಕೊನೆಗೊಂದು ವರದಿ. ಆಯುರ್ವೇದದ ವಿದ್ಯಾರ್ಥಿಗಳಿಗೆ ಕೇಂದ್ರೀಯ ಆಯುರ್ವೇದ ಸಂಶೋಧನಾ ಪರಿಷತ್ತು ‘ಸ್ಪಾರ್ಕ್’ ಎಂಬ ಹೆಸರಿನಲ್ಲಿ 2022ರಲ್ಲಿ ಅಂಥದ್ದೇ ಒಂದನ್ನು ತೆರೆಯಿತು. ನಮ್ಮ ದೇಶದ ವೈದ್ಯಶಿಕ್ಷಣದಲ್ಲಿ ಆನರ್ಸಿಗೆ ಹತ್ತಿರದ ವಸ್ತು ಇವೇ. ವಾರ್ಡಿನಲ್ಲಿ ರೋಗಿಯ ಪಕ್ಕ ಅತಿ ಹೆಚ್ಚು ಹೊತ್ತು ನಿಲ್ಲುವ ನರ್ಸಿಂಗ್ ವಿದ್ಯಾರ್ಥಿನಿಗೆ, ದಿನಕ್ಕೆ ನೂರಾರು ಟ್ಯೂಬು ನೋಡುವ ಲ್ಯಾಬ್ ವಿದ್ಯಾರ್ಥಿಗೆ ಇವುಗಳಲ್ಲಿ ಜಾಗವಿಲ್ಲ.

ನರ್ಸಿಂಗ್‌ನಲ್ಲಿ ಸಂಶೋಧನೆ ಇಲ್ಲವೇ ಎಂದು ಕೇಳಬಹುದು. ಇದೆ. ಭಾರತೀಯ ನರ್ಸಿಂಗ್ ಪರಿಷತ್ತಿನ 2021ರ ಪರಿಷ್ಕೃತ ಪಠ್ಯಕ್ರಮದಲ್ಲಿ ಸೆಮಿಸ್ಟರ್ ಪದ್ಧತಿ, ಕ್ರೆಡಿಟ್ಟು, ಐಚ್ಛಿಕ ವಿಷಯ ಎಲ್ಲ ಬಂದಿವೆ. ಏಳನೇ ಸೆಮಿಸ್ಟರಿನಲ್ಲಿ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರವೇ ಒಂದು ವಿಷಯ. ಕಾಗದದ ಮೇಲೆ ಚೆಂದ. ಆದರೆ ಪ್ರಾಜೆಕ್ಟ್ ಹೇಗೆ ನಡೆಯುತ್ತದೆ ಎಂದು ಈ ಕ್ಷೇತ್ರದಲ್ಲಿ ಇದ್ದವರಿಗೆ ಗೊತ್ತು. ‘ಇಂಥ ಊರಿನ ಇಂಥವರಲ್ಲಿ ಇಂಥ ಕಾಯಿಲೆಯ ಕುರಿತ ಜ್ಞಾನದ ಮೇಲೆ ಯೋಜಿತ ಬೋಧನೆಯ ಪರಿಣಾಮಕಾರಿತ್ವದ ಅಧ್ಯಯನ.’ ಊರು, ಜನ, ಕಾಯಿಲೆ ಈ ಮೂರು ಬಿಟ್ಟಸ್ಥಳ ತುಂಬಿದರೆ ಶೀರ್ಷಿಕೆ ಸಿದ್ಧ. ಮೊದಲು ಒಂದು ಪ್ರಶ್ನಪತ್ರಿಕೆ, ನಡುವೆ ನಲವತ್ತು ನಿಮಿಷದ ಪಾಠ, ಮತ್ತೆ ಅದೇ ಪ್ರಶ್ನಪತ್ರಿಕೆ. ಪಾಠ ಕೇಳಿದವರ ಜ್ಞಾನ ಹೆಚ್ಚಿತು ಎಂದು ಫಲಿತಾಂಶ. ಹೆಚ್ಚದೆ ಇನ್ನೇನು? ಹಿಂದಿನ ಬ್ಯಾಚಿನ ಫೈಲಿನಲ್ಲಿ ಮಧುಮೇಹ ಇದ್ದಲ್ಲಿ ರಕ್ತಹೀನತೆ ಎಂದು ಬದಲಿಸಿ ಬೈಂಡಿಂಗ್ ಅಂಗಡಿಗೆ ಒಯ್ದ ಎಷ್ಟೋ ಪ್ರಾಜೆಕ್ಟುಗಳನ್ನು ನಾನೇ ಕಂಡಿದ್ದೇನೆ. ಮಕ್ಕಳ ತಪ್ಪಲ್ಲ. ಪ್ರಶ್ನೆ ಅವರದಾಗಿರಲಿಲ್ಲ, ಅಷ್ಟೆ.

ಪ್ರಶ್ನೆ ನೆಲದಿಂದ ಬಂದರೆ ಏನಾಗುತ್ತದೆ ಎಂಬುದಕ್ಕೆ ಪುಣೆಗೂ ಕರ್ನಾಟಕಕ್ಕೂ ನಂಟಿರುವ ಒಂದು ಕಥೆಯಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳತೊಡಗಿದವು, ಜನರಿಗೆ ವಿಪರೀತ ಜ್ವರ ಬಂತು. ಎರಡಕ್ಕೂ ಸಂಬಂಧವಿದೆ ಎಂದು ಊರವರು ಆಡಿಕೊಂಡರು. ಮಾದರಿಗಳು ಬಂದದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ, ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಗೆ. ಉಣ್ಣೆಯಿಂದ ಹರಡುವ ಹೊಸ ವೈರಸ್ ಪತ್ತೆಯಾಯಿತು. ವಿಜ್ಞಾನ ಅದನ್ನು ಕ್ಯಾಸನೂರು ಕಾಡಿನ ಕಾಯಿಲೆ ಎಂದು ಕರೆಯಿತು. ಮಲೆನಾಡಿನವರು ಕರೆದದ್ದು ಮಂಗನ ಕಾಯಿಲೆ ಎಂದು. ಹೆಸರಿನಲ್ಲೇ ಅವರ ಗಮನಿಕೆ ಇದೆ. ಕಾಡಂಚಿನ ಉಪಕೇಂದ್ರದ ಆರೋಗ್ಯ ಸಹಾಯಕಿಗೆ ಇಂಥದ್ದನ್ನು ಗಮನಿಸಿ, ಬರೆದಿಟ್ಟು, ಮೇಲಿನವರಿಗೆ ಒಪ್ಪಿಸುವ ತರಬೇತಿ ಕಾಲೇಜಿನಲ್ಲೇ ಸಿಗಬೇಡವೇ?

ಅಮೆರಿಕದಲ್ಲಿ ಎರಡು ವರ್ಷದ ಕಮ್ಯುನಿಟಿ ಕಾಲೇಜುಗಳಿವೆ. ಅಲ್ಲಿನ ನರ್ಸುಗಳಲ್ಲಿ ದೊಡ್ಡ ಪಾಲು ಜನ ಹೊರಬರುವುದು ಇವುಗಳಿಂದ. ಕೆಲಸ ಮಾಡುತ್ತ ಓದುವವರು, ಮಕ್ಕಳೊಂದಿಗರು, ವಲಸೆ ಬಂದವರು ಸೇರುವ ಜಾಗ. ಅಂಥ ಕಾಲೇಜುಗಳಲ್ಲೂ ಆನರ್ಸ್ ನಡೆಯುತ್ತದೆ. ಅಲ್ಲಿನ ಒಂದು ಪದ್ಧತಿ ನನಗೆ ಹಿಡಿಸಿತು: ವಿದ್ಯಾರ್ಥಿ ಬೇರೆ ತರಗತಿಗೆ ಹೋಗುವುದಿಲ್ಲ, ಎಲ್ಲರ ಜೊತೆ ಅದೇ ಪಾಠ ಕೇಳುತ್ತಾನೆ, ಆದರೆ ಅಧ್ಯಾಪಕರ ಜೊತೆ ಒಂದು ಬರಹದ ಒಪ್ಪಂದ ಮಾಡಿಕೊಂಡು ಅದೇ ವಿಷಯದಲ್ಲಿ ಒಂದು ಹೆಚ್ಚುವರಿ ಕೆಲಸ ಮಾಡುತ್ತಾನೆ. ಹೊಸ ಕಟ್ಟಡ ಬೇಡ, ಹೊಸ ವಿಭಾಗ ಬೇಡ. ನಮಗೆ ಸರಿಹೊಂದುವುದು ಇದೇ ಎಂದು ಎರಡನೇ ಸಭೆಯಲ್ಲಿ ಹೇಳಿದೆ.

ನಾನು ಕೇಳುತ್ತಿರುವುದು ಇಷ್ಟು. ವಾರಕ್ಕೆ ಒಂದು ಮಧ್ಯಾಹ್ನ, ಮೂರು ಗಂಟೆ, ಎರಡು ಸೆಮಿಸ್ಟರು. ಒಟ್ಟು ಸುಮಾರು 90 ಗಂಟೆ. ಆಯ್ಕೆಗೆ ಅಂಕಪಟ್ಟಿ ನೋಡುವುದು ಬೇಡ, ವಾರ್ಡು ಅಥವಾ ಲ್ಯಾಬಿನಲ್ಲಿ ತಾನು ಕಂಡದ್ದನ್ನು ಅರ್ಧ ಪುಟ ಬರೆದುಕೊಡಲಿ. ಆ ಅರ್ಧ ಪುಟ ಕನ್ನಡದಲ್ಲೋ ಮರಾಠಿಯಲ್ಲೋ ಹಿಂದಿಯಲ್ಲೋ ಇರಬಹುದು. ಇದನ್ನು ಹೇಳಿದಾಗ ಸಭೆಯಲ್ಲಿ ಒಬ್ಬರು ನಕ್ಕರು. ಆದರೆ ಇಂಗ್ಲಿಷ್ ಸಂದರ್ಶನ ಇಟ್ಟರೆ ಮೊದಲ ಸುತ್ತಿನಲ್ಲೇ ಹೊರಬೀಳುವವರು ಯಾರು ಎಂದು ನನಗೆ ಗೊತ್ತು. ಅವರ ಅಪ್ಪಂದಿರನ್ನು ನಾನು ಕಾತ್ರಜ ಚೌಕದಲ್ಲಿ ನೋಡುತ್ತಿರುತ್ತೇನೆ. ವರದಿ ಇಂಗ್ಲಿಷಿನಲ್ಲೇ ಇರಲಿ, ಅದನ್ನು ಬರೆಯಲು ಕಲಿಸುವುದು ಆ 90 ಗಂಟೆಗಳ ಒಂದು ಭಾಗ.

ತೊಡಕುಗಳಿವೆ. ನೈತಿಕ ಸಮಿತಿಯ ಅನುಮತಿ ಒಂದು. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ರೋಗಿಗಳನ್ನು ಒಳಗೊಂಡ ಯಾವ ಅಧ್ಯಯನವೂ ಆ ಸಮಿತಿಯ ಕಣ್ಣು ತಪ್ಪಿಸುವಂತಿಲ್ಲ, ತಪ್ಪಿಸಲೂಬಾರದು. ಅಪಾಯವಿಲ್ಲದ ಅಧ್ಯಯನಗಳಿಗೆ ವಿನಾಯಿತಿಯ, ತ್ವರಿತ ಪರಿಶೀಲನೆಯ ದಾರಿಯನ್ನು ಅದೇ ಮಾರ್ಗಸೂಚಿ ಕೊಟ್ಟಿದೆ. ಕೆಂಪಾದ ಸ್ಯಾಂಪಲ್ ಎಣಿಸುವ ಕೆಲಸಕ್ಕೆ ಆ ದಾರಿ ಕೇಳಬಹುದು. ಇದಕ್ಕಿಂತ ದೊಡ್ಡ ತೊಡಕು ಅಧ್ಯಾಪಕರ ಹೊತ್ತು. ಒಬ್ಬೊಬ್ಬರ ತಲೆಯ ಮೇಲೂ ತರಗತಿ, ತಪಾಸಣೆಯ ಫೈಲು, ನ್ಯಾಕ್‌ನ ಕಾಗದ ಇರುವಾಗ ಮಾರ್ಗದರ್ಶನವನ್ನು ಪುಕ್ಕಟೆ ಮಾಡಿ ಎಂದರೆ ಆರು ತಿಂಗಳಲ್ಲಿ ಆನರ್ಸ್ ಸಾಯುತ್ತದೆ. ಆ ಮೂರು ಗಂಟೆಯನ್ನು ಬೋಧನೆಯ ಹೊರೆಯಲ್ಲೇ ಎಣಿಸಬೇಕು. ನರ್ಸಿಂಗ್‌ನಲ್ಲಂತೂ ವಿದ್ಯಾರ್ಥಿನಿಯರ ಹೊತ್ತೂ ಅವರ ಕೈಯಲ್ಲಿಲ್ಲ. ಸಿಬ್ಬಂದಿ ಕಡಿಮೆ ಇರುವ ವಾರ್ಡುಗಳು ನಡೆಯುವುದೇ ಅವರ ಕೈಗಳಿಂದ. ಮಧ್ಯಾಹ್ನ ಮೂರು ಗಂಟೆ ಬಿಡಿ ಎಂದರೆ ಮೇಟ್ರನ್ ಒಪ್ಪಬೇಕು. ಈ ಮಾತನ್ನು ಯಾವ ಶಿಕ್ಷಣ ನೀತಿಯೂ ಬರೆಯುವುದಿಲ್ಲ.

ಇನ್ನೊಂದು ಭಯವನ್ನೂ ಹೇಳಿಬಿಡುತ್ತೇನೆ. ಖಾಸಗಿ ಕಾಲೇಜಿನಲ್ಲಿ ಹೊಸ ಹೆಸರು ಹುಟ್ಟಿದರೆ ಹಿಂದೆಯೇ ಹೊಸ ಶುಲ್ಕವೂ ಹುಟ್ಟುವುದುಂಟು. ಆನರ್ಸಿಗೆ ಒಂದು ರೂಪಾಯಿ ಹೆಚ್ಚು ಶುಲ್ಕ ಇಟ್ಟರೂ ಅದು ದುಡ್ಡಿದ್ದವರ ಬಂಗಾರದ ಅಂಚಾಗುತ್ತದೆ. ಶುಲ್ಕವಿಲ್ಲ ಎಂಬ ಸಾಲು ನಿಯಮದಲ್ಲಿ ಬರಹದಲ್ಲಿ ಇರಬೇಕೆಂದು ಕೇಳಿದ್ದೇನೆ.

ಇದಕ್ಕೆ ಈಗಲೇ ಕೈಹಾಕಬೇಕು ಎನ್ನಲು ಕಾರಣವಿದೆ. ಸಹವೈದ್ಯಕೀಯ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ 2021ರಲ್ಲಿ ಬಂತು. ಅಲ್ಲಿಯವರೆಗೆ ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್, ಫಿಸಿಯೋಥೆರಪಿ ಓದುವವರಿಗೆ ದೇಶಕ್ಕೆಲ್ಲ ಒಂದು ಕಾನೂನಿನ ಚೌಕಟ್ಟೇ ಇರಲಿಲ್ಲ. ಸಹವೈದ್ಯಕೀಯ ವೃತ್ತಿಪರರಿಗೆ ಕನಿಷ್ಠ 2,000 ಗಂಟೆ, ಆರೋಗ್ಯ ವೃತ್ತಿಪರರ ಪದವಿಗೆ ಕನಿಷ್ಠ 3,600 ಗಂಟೆ ಕಲಿಕೆ ಎಂದು ಆ ಕಾಯ್ದೆ ಹೇಳುತ್ತದೆ. ಪಠ್ಯಕ್ರಮಗಳು ಒಂದೊಂದಾಗಿ ಹೊಸದಾಗುತ್ತಿವೆ, ಕಾಲೇಜುಗಳು ವೇಳಾಪಟ್ಟಿ ಮತ್ತೆ ಬರೆಯುತ್ತಿವೆ. 3,600ರಲ್ಲಿ 90 ಎಂದರೆ ನಲವತ್ತರಲ್ಲಿ ಒಂದು ಪಾಲು. ವೇಳಾಪಟ್ಟಿ ಗಟ್ಟಿಯಾದ ಮೇಲೆ ಅದರೊಳಗೆ ಒಂದು ಮಧ್ಯಾಹ್ನ ಹುಡುಕುವುದು ಎಷ್ಟು ಕಷ್ಟ ಎಂದು ಮೇಷ್ಟರಾದವರಿಗೆಲ್ಲ ಗೊತ್ತು.

ಈ ಅಂಕಣ ಓದುವವರಲ್ಲಿ ಆಸ್ಪತ್ರೆ, ಔಷಧ ಕಂಪನಿ, ದತ್ತಾಂಶ ವಿಶ್ಲೇಷಣೆಯ ಕೆಲಸದಲ್ಲಿರುವವರು ಬಹಳ ಮಂದಿ. ನಮ್ಮ ಹೊರನಾಡ ಸಂಘಗಳು ವರ್ಷಕ್ಕೊಮ್ಮೆ ಶೇ 90 ದಾಟಿದ ಮಕ್ಕಳನ್ನು ಕರೆದು ಶಾಲು ಹೊದಿಸುತ್ತವೆ. ಹೊದಿಸಲಿ. ಜೊತೆಗೆ ಅರವತ್ತು ಬಂದ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿಯ ಜೊತೆ ತಿಂಗಳಿಗೆರಡು ಭಾನುವಾರ ಕೂತು, ಎಕ್ಸೆಲ್ ಹಾಳೆಯಲ್ಲಿ ಅಂಕಿ ಜೋಡಿಸುವುದು ಹೇಗೆ, ಸರಾಸರಿ ಯಾವಾಗ ಮೋಸ ಮಾಡುತ್ತದೆ ಎಂದು ಕನ್ನಡದಲ್ಲಿ ಹೇಳಿಕೊಡುವವರು ಸಂಘಕ್ಕೆ ನಾಲ್ಕು ಜನ ಸಿಕ್ಕರೂ ಆಯಿತು. ಮಾರ್ಗದರ್ಶಕರಿಲ್ಲ ಎಂಬ ಕಾಲೇಜಿನ ನೆಪಕ್ಕೆ ಅಷ್ಟು ಉತ್ತರ ಸಾಕು.

ಮೂರನೇ ಸಭೆ ಬರುವ ವಾರ. ಕರಡಿನಲ್ಲಿ ಶೇ 75 ಇನ್ನೂ ಹಾಗೇ ಕೂತಿದೆ. ನನ್ನ ಆಕ್ಷೇಪ ಬರೆದು ಕೊಟ್ಟಿದ್ದೇನೆ. ಮೊನ್ನೆ ಆ ಹಳೆಯ ವಿದ್ಯಾರ್ಥಿನಿಗೆ ಫೋನ್ ಮಾಡಿ ಅವಳ ಪ್ರಶ್ನೆಯನ್ನು ಸಭೆಯಲ್ಲಿ ಉದಾಹರಣೆಯಾಗಿ ಹೇಳಬಹುದೇ ಎಂದು ಕೇಳಿದೆ. ಹೇಳಿ ಸರ್ ಎಂದಳು. ಈಗಿನ ಲ್ಯಾಬಿನಲ್ಲೂ ಸೋಮವಾರ ಬೆಳಿಗ್ಗೆ ಮನೆಮನೆಗೆ ಹೋಗಿ ತರುವ ಸ್ಯಾಂಪಲ್ಲುಗಳೇ ಹೆಚ್ಚು ಕೆಂಪಾಗಿರುತ್ತವಂತೆ. ಮೂರು ತಿಂಗಳಿನಿಂದ ಅವಳು ಅದನ್ನು ಡೈರಿಯಲ್ಲಿ ಬರೆದಿಡುತ್ತಿದ್ದಾಳೆ. ಯಾರೂ ಹೇಳಿದ್ದಲ್ಲ.