ಜಲವಿಹಾರವೂ ಜೀವದಯೆಯೂ

ಪ್ರಕೃತಿಯನ್ನು ಪ್ರೀತಿಸುವವರಿಂದ ಪ್ರಕೃತಿಗೆ ಕೇಡಾಗಲಾರದೆಂಬುದು ಜನಸಾಮಾನ್ಯರ ನಂಬಿಕೆ. ಕೊಡಲಿ ಹಿಡಿದವನಿಂದ ಕಾಡಿಗೆ ಅಪಾಯವುಂಟು, ಬಂದೂಕು ಹಿಡಿದವನಿಂದ ಮೃಗಕ್ಕೆ ಅಪಾಯವುಂಟು. ಬರಿಗೈಯಲ್ಲಿ ಬಂದು ಕಣ್ತುಂಬ ನೋಡಿ ಹೋಗುವವನಿಂದ ಯಾರಿಗೆ ಏನು ತೊಂದರೆ ಎಂದು ಕೇಳುವವರು ಬಹಳ ಮಂದಿ. ಪ್ರಶ್ನೆ ಸಹಜವಾದುದು. ಆದರೆ ಕಯಾಕ್ ಎಂಬ ಕಿರುದೋಣಿಯಲ್ಲಿ ಕುಳಿತು ನದಿ, ಹಿನ್ನೀರು, ಕಡಲತಡಿಗಳಲ್ಲಿ ವಿಹರಿಸುವ ಹವ್ಯಾಸವು ದೇಶದೇಶಗಳಲ್ಲಿ ಹಬ್ಬಿರುವ ಈ ಕಾಲದಲ್ಲಿ ಆ ಪ್ರಶ್ನೆಗೆ ದೊರೆಯುವ ಉತ್ತರವು ಅಷ್ಟೊಂದು ಸಮಾಧಾನಕರವಾಗಿಲ್ಲ. ಪ್ರೀತಿಯೊಂದೇ ಸಾಲದು, ಪ್ರೀತಿಗೆ ತಕ್ಕ ದೂರವೂ ಬೇಕು ಎಂಬುದನ್ನು ಆ ಕಿರುದೋಣಿಯ ಚರಿತ್ರೆಯೇ ಸಾರುತ್ತದೆ.

ಕಯಾಕಿನ ಗುಣಗಳನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ. ಒಬ್ಬರೋ ಇಬ್ಬರೋ ಕೂರಬಹುದಾದ, ಉದ್ದನೆಯ, ಇಕ್ಕಟ್ಟಾದ ಹಗುರ ದೋಣಿ ಅದು. ಎರಡು ತುದಿಗಳಲ್ಲಿಯೂ ಅಲಗುಳ್ಳ ಒಂದೇ ಹುಟ್ಟಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರನ್ನು ಸೆಳೆದು ಅದನ್ನು ನಡೆಸುತ್ತಾರೆ. ಅದಕ್ಕೆ ಎಣ್ಣೆ ಬೇಡ, ಯಂತ್ರ ಬೇಡ. ಅದರಿಂದ ಹೊಗೆಯಿಲ್ಲ, ಗದ್ದಲವಿಲ್ಲ. ಮೊಣಕಾಲುದ್ದದ ನೀರಿನಲ್ಲಿಯೂ ತೇಲುವುದರಿಂದ ದೊಡ್ಡ ದೋಣಿಗಳು ಹೋಗಲಾರದೆಡೆಗೂ ಅದು ಹೋಗಬಲ್ಲದು. ಅದರಲ್ಲಿ ಕುಳಿತವನು ನೀರಿನ ಮಟ್ಟಕ್ಕೆ ಇಳಿದು, ತನ್ನ ತೋಳಿನ ಬಲದಿಂದಲೇ ಸಾಗುತ್ತಾನೆ. ದೇಹಕ್ಕೆ ವ್ಯಾಯಾಮ, ಮನಸ್ಸಿಗೆ ಶಾಂತಿ, ಕಣ್ಣಿಗೆ ಹಬ್ಬ. ಇಷ್ಟು ಸಾತ್ತ್ವಿಕವಾದ ವಿನೋದ ಬೇರೆ ಯಾವುದಿದೆ ಎಂದು ಯಾರಿಗಾದರೂ ಅನ್ನಿಸದಿರದು.

ಆದರೆ ಈ ದೋಣಿಯು ಹುಟ್ಟಿದ್ದು ವಿನೋದಕ್ಕಾಗಿ ಅಲ್ಲ. ಉತ್ತರ ಧ್ರುವದ ನೆರೆಯ ಹಿಮನಾಡುಗಳಲ್ಲಿ, ಗ್ರೀನ್‌ಲ್ಯಾಂಡ್‌ನಿಂದ ಅಲಾಸ್ಕದವರೆಗೆ, ಇನ್ಯೂಟ್ ಮೊದಲಾದ ಜನಾಂಗಗಳು ಸಾವಿರಾರು ವರ್ಷಗಳಿಂದ ಕಟ್ಟಿ ಬಳಸಿದ ಬೇಟೆಯ ದೋಣಿ ಅದು. ಮರಗಳೇ ಬೆಳೆಯದ ಆ ನೆಲದಲ್ಲಿ ಕಡಲು ತಂದೊಗೆದ ಮರದ ತುಂಡುಗಳಿಂದಲೂ ಮೂಳೆಯಿಂದಲೂ ಹಂದರ ಕಟ್ಟಿ, ಅದರ ಮೇಲೆ ಸೀಲ್ ಪ್ರಾಣಿಯ ತೊಗಲನ್ನು ಬಿಗಿದು ಹೊಲಿಯುತ್ತಿದ್ದರು. ಸದ್ದಿಲ್ಲದೆ ಸಾಗುವುದು, ನೀರಿಗಂಟಿದಂತೆ ತಗ್ಗಾಗಿರುವುದು, ಮಂಜುಗಡ್ಡೆಗಳ ಸಂದಿಯಲ್ಲಿ ನುಸುಳುವುದು, ಇವೆಲ್ಲವೂ ಸೀಲ್ ಪ್ರಾಣಿಯ ಕಣ್ಣು ಕಿವಿಗಳನ್ನು ವಂಚಿಸುವುದಕ್ಕಾಗಿ ಕಂಡುಕೊಂಡ ಉಪಾಯಗಳು. ಗ್ರೀನ್‌ಲ್ಯಾಂಡಿನ ಬೇಟೆಗಾರರು ದೋಣಿಯ ಮೂತಿಗೆ ಬಿಳಿಯ ಮರೆಯೊಂದನ್ನು ಕಟ್ಟಿ, ತೇಲುವ ಹಿಮದ ತುಂಡಿನಂತೆ ತೋರಿಸಿಕೊಂಡು ಸಮೀಪಿಸುವುದೂ ಉಂಟು. ಅವರಿಗೆ ಅದು ಹೊಟ್ಟೆಯ ಪ್ರಶ್ನೆ, ಬದುಕಿನ ಪ್ರಶ್ನೆ; ಅದರಲ್ಲಿ ದೋಷವೆಣಿಸುವುದು ಸಲ್ಲದು. ಇಂದಿನ ವಿಹಾರಿಯು ಯಾವ ಗುಣಗಳಿಗಾಗಿ ಕಯಾಕನ್ನು ಮೆಚ್ಚುತ್ತಾನೋ ಅವೆಲ್ಲವೂ ಮೂಲತಃ ಬೇಟೆಗಾರನ ಗುಣಗಳೆಂಬುದನ್ನು ಮಾತ್ರ ಮರೆಯಬಾರದು.

ಈ ಬೇಟೆದೋಣಿಯು ವಿಹಾರದೋಣಿಯಾದುದು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ನಂತರ. ಜಾನ್ ಮ್ಯಾಕ್‌ಗ್ರೆಗರ್ ಎಂಬ ಬ್ರಿಟಿಷ್ ವಕೀಲನು 1865ರಲ್ಲಿ ಅದೇ ಮಾದರಿಯ ಮರದ ದೋಣಿಯೊಂದರಲ್ಲಿ ಯುರೋಪಿನ ನದಿ ಸರೋವರಗಳನ್ನು ಸುತ್ತಿ, ಮರುವರ್ಷ ತನ್ನ ಪ್ರವಾಸವನ್ನು ಪುಸ್ತಕವಾಗಿ ಪ್ರಕಟಿಸಿದನು. ಅಲ್ಲಿಂದ ಈ ಹವ್ಯಾಸಕ್ಕೆ ಜನಪ್ರಿಯತೆ ಬಂದಿತು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಕಯಾಕ್ ಸ್ಪರ್ಧೆಗೆ ಸ್ಥಾನ ದೊರೆಯಿತು. 1970ರ ದಶಕದಲ್ಲಿ ಪ್ಲಾಸ್ಟಿಕ್ಕಿನ ಅಚ್ಚಿನ ದೋಣಿಗಳು ಬಂದ ಮೇಲೆ ಅದು ಕುಶಲಿಗಳ ಸೊತ್ತಾಗಿ ಉಳಿಯದೆ, ಒಂದು ಗಂಟೆಯ ಬಾಡಿಗೆ ತೆತ್ತ ಯಾರಿಗಾದರೂ ಎಟುಕುವಂತಾಯಿತು. ಹೀಗೆ ಎಟುಕಿದ್ದು ಒಳ್ಳೆಯದೇ. ಆದರೆ ದೋಣಿಯೊಡನೆ ಬರಬೇಕಾಗಿದ್ದ ವಿವೇಕವು ಅಷ್ಟೇ ಬೇಗನೆ ಬಂದಿತೆ ಎಂಬುದು ವಿಚಾರಣೀಯ.

ಅಮೆರಿಕದ ಪಶ್ಚಿಮ ಕರಾವಳಿಯ ಕ್ಯಾಲಿಫೋರ್ನಿಯದಲ್ಲಿ ಈ ಪ್ರಶ್ನೆ ಅತ್ಯಂತ ತೀಕ್ಷ್ಣವಾಗಿ ಎದುರಾಗುತ್ತದೆ. ಆ ಕಡಲಿನ ಕಡಲ ನೀರುನಾಯಿಯ ತುಪ್ಪಳವು ಪ್ರಾಣಿಲೋಕದಲ್ಲಿಯೇ ಅತಿ ದಟ್ಟವಾದುದು; ಒಂದು ಚದರ ಅಂಗುಲದಲ್ಲಿ ಹತ್ತು ಲಕ್ಷದವರೆಗೆ ಕೂದಲಿರಬಲ್ಲವು. ಆ ತುಪ್ಪಳವೇ ಅದರ ಪ್ರಾಣಕ್ಕೆ ಮುಳುವಾಯಿತು. ಹದಿನೆಂಟನೆಯ ಶತಮಾನದ ಮಧ್ಯದಿಂದ ರಷ್ಯದ ವರ್ತಕರು ಅಲಾಸ್ಕದ ದ್ವೀಪವಾಸಿಗಳಾದ ಕಯಾಕ್ ನಿಪುಣರನ್ನು ಬಲವಂತದಿಂದ ಈ ಬೇಟೆಗೆ ದುಡಿಸಿಕೊಂಡರು. ಉತ್ತರದ ನೀರು ಬರಿದಾಗುತ್ತ ಬಂದಂತೆ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅವರನ್ನೂ ಅವರ ತೊಗಲುದೋಣಿಗಳನ್ನೂ ಹಡಗುಗಳಲ್ಲಿ ಹೇರಿ ಕ್ಯಾಲಿಫೋರ್ನಿಯಕ್ಕೆ ತಂದರು. 1911ರ ಅಂತರರಾಷ್ಟ್ರೀಯ ಒಪ್ಪಂದವು ಈ ಬೇಟೆಗೆ ತಡೆ ಹಾಕುವ ವೇಳೆಗೆ ಶಾಂತಸಾಗರದ ಉತ್ತರ ಅಂಚಿನಲ್ಲೆಲ್ಲ ಕೂಡಿ ಒಂದೆರಡು ಸಾವಿರ ನೀರುನಾಯಿಗಳಷ್ಟೇ ಉಳಿದಿದ್ದುವು.

ಕ್ಯಾಲಿಫೋರ್ನಿಯದಲ್ಲಿ ಅವು ಅಳಿದೇ ಹೋದುವೆಂದು ಬಹು ಜನ ಭಾವಿಸಿದ್ದರು. 1938ರಲ್ಲಿ ಬಿಗ್ ಸರ್ ಎಂಬ ದುರ್ಗಮ ಕರಾವಳಿಯಲ್ಲಿ ಒಂದು ಸಣ್ಣ ಹಿಂಡು ಜನರ ಕಣ್ಣಿಗೆ ಬಿದ್ದಿತು. ಇಂದು ಆ ರಾಜ್ಯದಲ್ಲಿರುವ ಸುಮಾರು 3,000 ನೀರುನಾಯಿಗಳು ಆ ಅಳಿದುಳಿದ ಗುಂಪಿನ ಸಂತಾನ. 1977ರಿಂದ ಅವು ಅಪಾಯದಂಚಿನ ಜೀವಿಗಳೆಂದು ಕಾನೂನಿನ ರಕ್ಷಣೆಯಲ್ಲಿವೆ. ಮಾಂಟೆರೆ ಕೊಲ್ಲಿಗೆ ಸೇರುವ ಎಲ್ಕ್‌ಹಾರ್ನ್ ಸ್ಲೂ ಎಂಬ ಅಳಿವೆಯು ಅವುಗಳ ಒಂದು ಮುಖ್ಯ ನೆಲೆ. ಅಲ್ಲಿ ಅವು ಏಡಿಗಳನ್ನು ತಿಂದು ಹತೋಟಿಯಲ್ಲಿಟ್ಟ ಫಲವಾಗಿ ಕಡಲಹುಲ್ಲು ಮತ್ತೆ ಚಿಗುರಿತೆಂದು 2013ರಲ್ಲಿಯೂ, ಜವುಗುನೆಲದ ದಡಗಳ ಕೊರೆತ ಗಣನೀಯವಾಗಿ ತಗ್ಗಿತೆಂದು 2024ರಲ್ಲಿಯೂ ವಿಜ್ಞಾನಿಗಳು ಪ್ರಕಟಿಸಿದ್ದಾರೆ. ಪ್ರಾಣಿಯೊಂದು ಉಳಿದರೆ ನೆಲವೂ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ವಿರಳ.

ಈ ಅಳಿವೆಯು ಕಯಾಕ್ ವಿಹಾರಿಗಳಿಗೂ ಅಚ್ಚುಮೆಚ್ಚಿನ ತಾಣ. ಬರುವವರಲ್ಲಿ ಬಹುಪಾಲು ಜನ ನೀರುನಾಯಿಯನ್ನು ನೋಡುವ ಆಸೆಯಿಂದಲೇ ಬರುತ್ತಾರೆ. ಒಂದು ಕಾಲಕ್ಕೆ ಯಾವ ದೋಣಿಯು ಯಾವ ಪ್ರಾಣಿಯನ್ನು ಕೊಲ್ಲಲು ಈ ಕರಾವಳಿಗೆ ಬಂದಿತೋ ಅದೇ ಬಗೆಯ ದೋಣಿಯು ಅದೇ ಪ್ರಾಣಿಯನ್ನು ಮೆಚ್ಚಲು ಈಗ ಬರುತ್ತಿದೆ. ಮನುಷ್ಯನ ಮನಸ್ಸು ಬದಲಾದುದು ಹರ್ಷದ ಸಂಗತಿ. ಆದರೆ ಹತ್ತಿರಕ್ಕೆ ನುಸುಳಿ ಬರುವ ಆಕೃತಿಯ ಮನಸ್ಸಿನಲ್ಲಿ ಏನಿದೆಯೆಂದು ನೀರುನಾಯಿಯು ಅರಿಯಲಾರದು. ಅದಕ್ಕೆ ಕಾಣುವುದು ಸಮೀಪಿಸುತ್ತಿರುವ ದೇಹವೇ ಹೊರತು ಅದರೊಳಗಿನ ಸದ್ಭಾವನೆಯಲ್ಲ.

ನೋಡಿದರೆ ಸವೆಯುವುದೇನು ಎಂಬ ಮಾತಿಗೆ ನೀರುನಾಯಿಯ ದೇಹವೇ ಉತ್ತರ ಕೊಡುತ್ತದೆ. ತಿಮಿಂಗಿಲ, ಸೀಲ್‌ಗಳಿಗಿರುವಂತೆ ಅದರ ಚರ್ಮದಡಿಯಲ್ಲಿ ಕೊಬ್ಬಿನ ಹೊದಿಕೆಯಿಲ್ಲ. ತಣ್ಣನೆಯ ನೀರಿನಲ್ಲಿ ಬೆಚ್ಚಗಿರಲು ಅದು ತುಪ್ಪಳದೊಳಗೆ ಹಿಡಿದಿಟ್ಟ ಗಾಳಿಯನ್ನೂ ಒಡಲೊಳಗಿನ ಜಠರಾಗ್ನಿಯನ್ನೂ ನೆಚ್ಚಬೇಕು. ಆದುದರಿಂದ ತನ್ನ ತೂಕದ ಕಾಲು ಭಾಗದಷ್ಟು ಆಹಾರವನ್ನು ಅದು ದಿನವೂ ತಿನ್ನಬೇಕಾಗುತ್ತದೆ. ಮರಿಯುಳ್ಳ ತಾಯಿಯ ಪಾಡಂತೂ ಕಠಿಣತರ. ಮರಿಯು ಸುಮಾರು ಆರು ತಿಂಗಳು ತಾಯಿಯನ್ನೇ ಅವಲಂಬಿಸಿರುತ್ತದೆ. ಆ ಅವಧಿಯ ಕೊನೆಯ ಹೊತ್ತಿಗೆ ತಾಯಿಗೆ ಬೇಕಾಗುವ ಶಕ್ತಿಯು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇಂಥ ಜೀವಕ್ಕೆ ವಿಶ್ರಾಂತಿಯೆಂಬುದು ಸೋಮಾರಿತನವಲ್ಲ, ಉಳಿತಾಯ. ಅಂಗಾತ ಮಲಗಿ ತೇಲುತ್ತಿರುವ ನೀರುನಾಯಿಯನ್ನು ಒಬ್ಬ ವಿಹಾರಿಯು ಎಬ್ಬಿಸಿದರೆ ಅದು ಕೆಲವು ಗಳಿಗೆಯ ಶಕ್ತಿಯನ್ನು ಕಳೆದುಕೊಂಡೀತು. ದಿನಕ್ಕೆ ಹತ್ತು ಜನ ಎಬ್ಬಿಸಿದರೆ? ಪ್ರತಿಯೊಬ್ಬನೂ ತಾನು ಒಮ್ಮೆ ಮಾತ್ರ ಬಂದವನೆಂದು ತಿಳಿಯುತ್ತಾನೆ. ಪ್ರಾಣಿಗೆ ಮಾತ್ರ ಅದು ಹತ್ತನೆಯ ಸಲ.

ಯಂತ್ರದ ದೋಣಿಗಿಂತ ಕಯಾಕ್ ನಿರಪಾಯಕಾರಿಯೆಂಬ ವಾದವುಂಟು. ಹೊಗೆ, ಎಣ್ಣೆ, ಅಲೆಗಳ ಮಟ್ಟಿಗೆ ಅದು ಸತ್ಯ. ತಿರುಗುವ ಅಲಗಿಗೆ ಸಿಕ್ಕಿ ಪ್ರಾಣಿ ಗಾಯಗೊಳ್ಳುವ ಭಯವೂ ಇಲ್ಲ. ಆದರೆ ಯಂತ್ರದ ದೋಣಿಯು ತನ್ನ ಬರವನ್ನು ದೂರದಿಂದಲೇ ಸಾರಿಕೊಂಡು ಬರುತ್ತದೆ, ಆಳವಾದ ನೀರನ್ನು ಬಿಟ್ಟು ಬರಲಾರದು. ಕಯಾಕ್ ಸದ್ದಿಲ್ಲದೆ ದಡದ ಅಂಚಿನಲ್ಲಿ, ಪ್ರಾಣಿಗಳು ಮಲಗುವ ಮತ್ತು ಮರಿಯಿಡುವ ಎಡೆಗೇ ಹೋಗಿ ಒಮ್ಮೆಲೇ ಕಾಣಿಸಿಕೊಳ್ಳುತ್ತದೆ. ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಿದ್ದ ಸೀಲ್ ಹಿಂಡು ಬೆದರಿ ನೀರಿಗೆ ಧುಮುಕುವುದು ಇಂಥ ಸಂದರ್ಭಗಳಲ್ಲಿಯೇ. ಮೌನವು ಎಲ್ಲ ಕಾಲದಲ್ಲಿಯೂ ಸೌಜನ್ಯವಲ್ಲ. ಬಾಗಿಲು ತಟ್ಟದೆ ಒಳನುಗ್ಗುವವನೂ ಮೌನವಾಗಿಯೇ ಬರುತ್ತಾನೆ.

ಹಾಗಾದರೆ ಕಯಾಕ್ ವಿಹಾರವನ್ನೇ ನಿಷೇಧಿಸಬೇಕೆ? ಅಂಥ ನಿರ್ಣಯವು ಅವಿವೇಕವಾದೀತು. ನೋಡದ ವಸ್ತುವನ್ನು ಜನ ಪ್ರೀತಿಸಲಾರರು, ಪ್ರೀತಿಸದ ವಸ್ತುವಿನ ರಕ್ಷಣೆಗೆ ಮುಂದಾಗಲಾರರು. ಬೇಕಾದುದು ಸಂಯಮ. ಕ್ಯಾಲಿಫೋರ್ನಿಯದಲ್ಲಿ ವಿಹಾರಿಗಳಿಗೆ ಹೇಳಿಕೊಡುವ ನಿಯಮ ಸರಳವಾದುದು: ನೀರುನಾಯಿಗೂ ದೋಣಿಗೂ ನಡುವೆ ಕನಿಷ್ಠ ಐದು ಕಯಾಕುಗಳ ಉದ್ದದಷ್ಟು, ಎಂದರೆ ಸುಮಾರು 60 ಅಡಿಗಳಷ್ಟು ದೂರವಿರಲಿ, ಅದರ ಕಡೆಗೆ ನೇರವಾಗಿ ಹುಟ್ಟು ಹಾಕದೆ ಪಕ್ಕದಿಂದ ಹಾದುಹೋಗಲಿ, ಪ್ರಾಣಿಯು ತಲೆಯೆತ್ತಿ ನೋಡಿದರೆ ಆಗಲೇ ತೀರ ಸಮೀಪ ಬಂದಾಯಿತೆಂದು ತಿಳಿದು ಹಿಂದೆ ಸರಿಯಲಿ. ಅಳತೆಗೋಲೂ ಬೇಡ, ಪಾಂಡಿತ್ಯವೂ ಬೇಡ. ತಾನು ಕುಳಿತ ದೋಣಿಯೇ ಅಳತೆ. ಸ್ಥಳದ ಮಿತಿಯಂತೆ ಕಾಲದ ಮಿತಿಯೂ ಉಂಟು. ಅದೇ ದೇಶದ ಆಗ್ನೇಯ ತುದಿಯ ಫ್ಲಾರಿಡ ರಾಜ್ಯದ ಕ್ರಿಸ್ಟಲ್ ರಿವರ್‌ನಲ್ಲಿ, ಮ್ಯಾನಟೀ ಎಂಬ ಕಡಲಹಸುಗಳು ಚಳಿಯಿಂದ ಪಾರಾಗಲು ಸುಮಾರು 22 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಬುಗ್ಗೆಗಳಲ್ಲಿ ಆಶ್ರಯ ಪಡೆಯುತ್ತವೆ. ಅಲ್ಲಿನ ತ್ರೀ ಸಿಸ್ಟರ್ಸ್ ಬುಗ್ಗೆಗಳಿಗೆ ಚಳಿಗಾಲದಲ್ಲಿ ಕಯಾಕೂ ಸೇರಿದಂತೆ ಯಾವ ದೋಣಿಗೂ ಪ್ರವೇಶವಿಲ್ಲ. ವರ್ಷವಿಡೀ ಮುಚ್ಚಿಲ್ಲ, ಪ್ರಾಣಿಗೆ ಅತ್ಯಗತ್ಯವಾದ ತಿಂಗಳುಗಳಲ್ಲಿ ಮಾತ್ರ ಮುಚ್ಚಿದೆ. ವಿವೇಕವುಳ್ಳ ಕಟ್ಟಳೆಯ ಲಕ್ಷಣ ಇದು.

ಇದು ಪರದೇಶದ ಮಾತೆಂದು ಕನ್ನಡಿಗರು ಕೈತೊಳೆದುಕೊಳ್ಳುವಂತಿಲ್ಲ. ದಾಂಡೇಲಿಯ ಕಾಳಿ ನದಿಯಲ್ಲಿ, ಹೊನ್ನಾವರದ ಶರಾವತಿ ಹಿನ್ನೀರಿನ ಕಾಂಡ್ಲಾ ಕಾಡುಗಳ ನಡುವೆ ಕಯಾಕ್ ವಿಹಾರವು ಈಗಾಗಲೇ ಪ್ರವಾಸೋದ್ಯಮದ ಅಂಗವಾಗಿದೆ. ಕನ್ನಡ ನಾಡಿನ ನದಿಗಳಲ್ಲಿಯೂ ನೀರುನಾಯಿಗಳುಂಟು. ತುಂಗಭದ್ರಾ ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ನದಿಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಭಾರತದಲ್ಲಿ ನೀರುನಾಯಿಗಳಿಗಾಗಿಯೇ ಮೀಸಲಾದ ಮೊದಲ ತಾಣ ಅದು. ಹಂಪೆಯ ಬಂಡೆಗಳನ್ನು ಬಳಸಿ ಹರಿಯುವ, ಹರಿಗೋಲುಗಳು ಶತಮಾನಗಳಿಂದ ತೇಲಿದ ಆ ನೀರು ಪ್ರವಾಸಿಗರ ಪಾಲಿಗೆ ಎಷ್ಟು ರಮ್ಯವೋ, ಬಂಡೆಗಳ ಪೊಟರೆಗಳಲ್ಲಿ ಮರಿ ಸಾಕುವ ನೀರುನಾಯಿಗಳ ಪಾಲಿಗೆ ಅಷ್ಟೇ ಅನಿವಾರ್ಯ. ಹೊಸ ದೋಣಿಗಳು ಬಂದು ನೆಲೆಯೂರುವ ಮುನ್ನವೇ ದೂರದ ನಿಯಮವು ಅಲ್ಲಿ ನೆಲೆಯೂರಬೇಕು. ಹಿಂಡು ಚದುರಿದ ಮೇಲೆ ಫಲಕ ನೆಟ್ಟು ಫಲವಿಲ್ಲ.

ಇದರಲ್ಲಿ ಶಾಲೆಗಳ ಹೊಣೆ ಸಣ್ಣದಲ್ಲ. ಸಾಹಸ ಶಿಬಿರಗಳಿಗೆ ಮಕ್ಕಳನ್ನು ಕರೆದೊಯ್ಯುವ ಪರಿಪಾಠ ಬೆಳೆಯುತ್ತಿದೆ, ಅದು ಸ್ವಾಗತಾರ್ಹ. ಅಲ್ಲಿ ತೇಲುಕವಚ ಕಟ್ಟುವುದನ್ನು, ಹುಟ್ಟು ಹಿಡಿಯುವುದನ್ನು, ದೋಣಿ ಮಗುಚಿದರೆ ಪಾರಾಗುವುದನ್ನು ಕಲಿಸುತ್ತಾರೆ. ಇವೆಲ್ಲ ಮನುಷ್ಯನ ರಕ್ಷಣೆಯ ಪಾಠಗಳು. ಇವುಗಳ ಜೊತೆಯಲ್ಲಿಯೇ ನೀರಿನ ನಿವಾಸಿಗಳ ರಕ್ಷಣೆಯ ಪಾಠವೂ ಸೇರಬೇಕು. ಯಾವ ದಡದಲ್ಲಿ ಯಾವ ಹಕ್ಕಿ ಯಾವ ತಿಂಗಳಲ್ಲಿ ಮೊಟ್ಟೆಯಿಡುತ್ತದೆ, ಯಾವ ಮಡುವಿನ ಬಳಿ ನೀರುನಾಯಿಯ ಹೆಜ್ಜೆ ಕಾಣುತ್ತದೆ ಎಂಬುದನ್ನು ಊರಿನ ಅಂಬಿಗರೂ ಬೆಸ್ತರೂ ಬಲ್ಲರು. ಅವರನ್ನು ಶಿಬಿರಕ್ಕೆ ಕರೆಸಿ ಅವರಿಂದಲೇ ಮಕ್ಕಳಿಗೆ ಹೇಳಿಸಿದರೆ ಜೀವಶಾಸ್ತ್ರದ ಪಠ್ಯವು ಜೀವಂತವಾದೀತು. ಇಂಥ ಶಿಬಿರಗಳಿಗೆ ಧನಸಹಾಯ ನೀಡುವ ದಾನಿಗಳು ದೋಣಿಗಳ ಸಂಖ್ಯೆಯನ್ನು ಮಾತ್ರ ವಿಚಾರಿಸದೆ, ಒಳ್ಳೆಯದೊಂದು ದೂರದರ್ಶಕವನ್ನೂ ಒದಗಿಸಿದರೆ ಅದು ಸಾರ್ಥಕ ದಾನ. ದೂರದಲ್ಲಿದ್ದುಕೊಂಡೇ ಹತ್ತಿರದಿಂದ ನೋಡುವ ವಿದ್ಯೆಯನ್ನು ಅದು ಕಲಿಸುತ್ತದೆ.

ಬೇಟೆಗಾರನಿಗೆ ಕಯಾಕ್ ದಯಪಾಲಿಸಿದ್ದು ಸಮೀಪಿಸುವ ಶಕ್ತಿಯನ್ನು. ಆ ಶಕ್ತಿಯು ಇಂದಿನ ವಿಹಾರಿಯ ಕೈಗೂ ಬಂದಿದೆ. ಅವನಿಗೆ ಹಸಿವಿನ ಕಾರಣವಿಲ್ಲ, ಆದುದರಿಂದ ಆ ಶಕ್ತಿಯನ್ನು ಪೂರ್ತಿಯಾಗಿ ಬಳಸುವ ಹಕ್ಕೂ ಇಲ್ಲ. ಹತ್ತಿರ ಹೋಗಬಲ್ಲವನು ಹೋಗದೆ ನಿಲ್ಲುವುದೇ ಸಂಯಮ. ಅರವತ್ತು ಅಡಿಗಳಾಚೆ ತಾಯಿ ನೀರುನಾಯಿಯೊಂದು ತನ್ನ ಎದೆಯ ಮೇಲೆ ಮರಿಯನ್ನಿಟ್ಟುಕೊಂಡು ನಿದ್ರಿಸುತ್ತಿದ್ದು, ದೋಣಿಯೊಂದು ಬಂದು ಹೋದುದು ಅದಕ್ಕೆ ತಿಳಿಯದೆಯೇ ಇದ್ದರೆ, ಆ ವಿಹಾರವು ಸಫಲವಾಯಿತೆಂದು ಹೇಳಬಹುದು.