ದೀರ್ಘವಾದ ಚಳಿಗಾಲವೂ ಹತ್ತಾರು ಡೇನಿಷ್ ಮಾತುಗಳೂ

ದೊಡ್ಡಗದ್ದವಳ್ಳಿಯ ಕೆರೆಯ ಮೇಲೆ ಮಾಗಿಯ ಮಂಜು ಕವಿಯುವ ದಿನಗಳಲ್ಲಿ ಕಂಬಳಿಯನ್ನು ಬಿಗಿಯಾಗಿ ಹೊದ್ದು, “ಅಬ್ಬ, ಈ ವರ್ಷ ಬಲು ಚಳಿ!” ಎನ್ನದವರು ನಮ್ಮ ಹಾಸನದ ಸೀಮೆಯಲ್ಲಿ ವಿರಳ. ಸಮುದ್ರಮಟ್ಟಕ್ಕಿಂತ ಸುಮಾರು 3000 ಅಡಿ ಎತ್ತರದ ನೆಲವಾದುದರಿಂದ ಈ ಮಾತು ಸುಳ್ಳೂ ಅಲ್ಲ. ಆದರೆ ಈ ಚಳಿಗೆ ಆಯುಸ್ಸು ಸ್ವಲ್ಪ. ಹೊತ್ತೇರಿ ಬಿಸಿಲು ಬಿದ್ದೊಡನೆ, ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ ಎದ್ದ ಲಕ್ಷ್ಮೀದೇವಿಯ ಗುಡಿಯ ಕಲ್ಲುಗಳೂ ಬೆಚ್ಚಗಾಗುವುವು; ಅವರೆಕಾಯಿಯ ಕಾಲ ಮುಗಿಯುವಷ್ಟರಲ್ಲಿ ಚಳಿಯೂ ಇಳಿಯುವುದು; ಶಿವರಾತ್ರಿಗಂತೂ ಅದು ಶಿವಶಿವಾ ಎಂದು ಹೊರಟೇಹೋಗುವುದೆಂದು ಹಿರಿಯರು ಹೇಳುವುದುಂಟು. ಇಂಥ ಚಳಿಯನ್ನು ಮಾತ್ರ ಕಂಡು ಬೆಳೆದ ಹೆಣ್ಣುಮಗಳು ಗಂಡನ ಉದ್ಯೋಗದ ನಿಮಿತ್ತ ಡೆನ್ಮಾರ್ಕ್ ದೇಶಕ್ಕೆ ಹೋಗಿ, ಶಿವರಾತ್ರಿಗೂ ಜಗ್ಗದ ಚಳಿಗಾಲವನ್ನು ಕಳೆಯಬೇಕಾಗಿ ಬಂದರೆ ಏನು ಮಾಡಬೇಕು? ಕನ್ನಡದ ಕುಟುಂಬಗಳು ಈಗ ಅಲ್ಲಿಯೂ ನೆಲಸಿರುವುದರಿಂದ ಈ ತಿಂಗಳು ಈ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಅಲ್ಲಿ ಚಳಿಗಿಂತ ಕತ್ತಲೆಯೇ ಹೆಚ್ಚು ಕಾಡುವುದು. ಡಿಸೆಂಬರಿನ ಕೊನೆಯಲ್ಲಿ ನಮ್ಮ ಹಗಲು ಹನ್ನೊಂದು ಗಂಟೆಗೆ ಕಡಮೆಯಾಗದು. ರಾಜಧಾನಿಯಾದ ಕೋಪನ್‌ಹೇಗನ್ನಿನಲ್ಲಿ ಅದು ಸುಮಾರು 7 ಗಂಟೆಯಷ್ಟೆ. ಬೆಳಗ್ಗೆ ಎಂಟೂವರೆ ದಾಟಿದ ಮೇಲೆ ಸೂರ್ಯೋದಯ. ಮಧ್ಯಾಹ್ನ ಮೂರೂವರೆಯ ಸುಮಾರಿಗೆ ಸೂರ್ಯಾಸ್ತ. ನಡುವಿನ ಹೊತ್ತಿನಲ್ಲಾದರೂ ಬಿಸಿಲು ಕಾಣುವುದೆಂಬ ಭರವಸೆಯಿಲ್ಲ. ಚಿತ್ರಪಟಗಳಲ್ಲಿ ಕಾಣುವ ಬೆಳ್ಳನೆಯ ಹಿಮವು ಕೆಲವೇ ದಿನ ಬಿದ್ದೀತು. ಉಳಿದುದೆಲ್ಲ ಬೂದುಬಣ್ಣದ ಮೋಡ, ತುಂತುರು ಮಳೆ, ಕಡಲಿನಿಂದ ಬೀಸುವ ಒದ್ದೆಗಾಳಿ.

ಈ ಕಷ್ಟ ಮನೆಯವರೆಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಯಜಮಾನನ ಕಚೇರಿಯ ಕೆಲಸ ಇಂಗ್ಲಿಷಿನಲ್ಲಿ ಸಾಗುವುದು. ಮಗು ಶಿಶುವಿಹಾರಕ್ಕೆ ಹೋಗಿ ಕೆಲವು ತಿಂಗಳಲ್ಲಿ ಡೇನಿಷ್ ಮಾತನಾಡತೊಡಗುವುದು. ಕಿಟಕಿಯ ಬಳಿ ಉಳಿಯುವವಳು ಗೃಹಿಣಿ. ಅಂಗಡಿಯವರಿಗೆ ಇಂಗ್ಲಿಷ್ ಬರುತ್ತದೆ, ಇನ್ನೇಕೆ ಈ ಭಾಷೆ ಎಂದು ಅವಳು ಮೊದಲ ವರ್ಷ ಸುಮ್ಮನಿರುವುದು ಸಹಜ. ಆದರೆ ಶಿಶುವಿಹಾರದಿಂದ ಬರುವ ಚೀಟಿ, ಕಟ್ಟಡದ ಬಾಗಿಲಿಗೆ ಅಂಟಿಸಿದ ಸೂಚನೆ, ನೆರೆಯ ಮುದುಕಿಯ ಕುಶಲಪ್ರಶ್ನೆ ಇವೆಲ್ಲ ಡೇನಿಷಿನಲ್ಲಿಯೇ ಇರುವುವು. ಏಳು ವರ್ಷದ ಮಗನು ತಾಯಿಗೆ ದುಭಾಷಿಯಾಗಿ ವೈದ್ಯರ ಮುಂದೆ ನಿಲ್ಲುವ ಸ್ಥಿತಿ ಬಂದರೆ, ತಾಯಿಯು ತನ್ನ ನೋವನ್ನು ಹೇಗೆ ಹೇಳಿಕೊಂಡಾಳು? ಹೇಳಬಾರದುದನ್ನು ಆ ಮಗು ಏಕೆ ಕೇಳಬೇಕು? ಆದುದರಿಂದ ಉಣ್ಣೆಯ ಅಂಗಿಯನ್ನು ಕೊಳ್ಳುವ ವಾರದಲ್ಲಿಯೇ ಭಾಷೆಯ ಪಾಠಕ್ಕೂ ಹೆಸರು ಕೊಡತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಹೊಸದಾಗಿ ಬಂದು ನೆಲಸಿದ ವಯಸ್ಕರಿಗಾಗಿಯೇ ಅಲ್ಲಿ ಭಾಷಾಶಾಲೆಗಳುಂಟು. ಹಿಂದಿನ ಓದಿಗೆ ತಕ್ಕಂತೆ ಮೂರು ಶ್ರೇಣಿಗಳುಂಟು. ಪೌರಸಭೆಯಲ್ಲಿ ವಿಚಾರಿಸಿದರೆ ದಾರಿ ತೋರಿಸುವರು. ಪಾಠವು ಅರೆಬರೆಯಾದರೂ ಚಿಂತೆಯಿಲ್ಲ, ವಾರಕ್ಕೆರಡು ಬಾರಿ ಕತ್ತಲೆಯಲ್ಲಿ ಮನೆಯಿಂದ ಹೊರಡಲು ಒಂದು ಕಾರಣವಾದರೂ ದೊರೆಯಿತಲ್ಲ!

ಶಾಲೆಗೆ ಮುಂಚೆಯೇ ಮನೆಯ ಬಾಗಿಲಲ್ಲಿ ಪಾಠ ಆರಂಭವಾಗಬಹುದು. ಡೇನರೂ ನಮ್ಮಂತೆಯೇ ಪಾದರಕ್ಷೆಗಳನ್ನು ಬಾಗಿಲ ಬಳಿಯೇ ಬಿಡುವರು. ಅಲ್ಲಿ ತೂಗುಹಾಕಿದ ಒಂದೊಂದು ವಸ್ತುವಿಗೂ ಒಂದೊಂದು ಮಾತು: ಟೊಪ್ಪಿಗೆಗೆ ‘ಹೂಎ’, ಬೆರಳು ಬಿಡಿಸದ ಕೈಗವಸಿಗೆ ‘ವಾಂಟೆ’, ಮಕ್ಕಳಿಗೆ ತೊಡಿಸುವ ಅಡಿಯಿಂದ ಮುಡಿಯವರೆಗಿನ ಒಂದೇ ಉಡುಪಿಗೆ ‘ಫ್ಲ್ಯೂವರ್‌ದ್ರಾಕ್ಟ್’, ಎಂದರೆ ವಿಮಾನ ಹಾರಿಸುವವನ ಉಡುಪು. ಹೊಸಿಲು ದಾಟಿದೊಡನೆ ಬೇಕಾದ ಮಾತು ‘ಗ್ಲಾಟ್’, ಜಾರುತ್ತದೆ ಎಂದರ್ಥ; ಇದನ್ನು ಬೀಳುವುದಕ್ಕೆ ಮುಂಚೆಯೇ ಕಲಿಯುವುದು ಲೇಸು. ಪುಸ್ತಕದಿಂದ ಒಮ್ಮೆಗೇ ನೂರು ಶಬ್ದಗಳನ್ನು ಉರುಹೊಡೆಯುವುದಕ್ಕಿಂತ, ದಿನವೂ ಕೈಯಲ್ಲಿ ಹಿಡಿಯುವ ಹತ್ತು ವಸ್ತುಗಳ ಹೆಸರು ಬೇಗ ನಾಲಗೆಗೆ ಹತ್ತುವುದು. ಎಳೆಗೂಸುಗಳನ್ನು ಚಳಿಯಲ್ಲಿಯೂ ಹೊರಗಡೆ ಗಾಡಿಯಲ್ಲಿ ಮಲಗಿಸುವುದು ಅಲ್ಲಿಯ ಪದ್ಧತಿ. ಇದನ್ನು ಕಂಡು ನಮ್ಮ ಅಜ್ಜಿಯರು ಎದೆ ಬಡಿದುಕೊಂಡಾರು; ಆದರೆ ಆ ಕೂಸುಗಳು ಬೆಚ್ಚನೆಯ ಹೊದಿಕೆಯೊಳಗೆ ಸುಖವಾಗಿ ನಿದ್ರಿಸುತ್ತವೆ.

ಅಡುಗೆಮನೆಯ ವಿಚಾರವನ್ನು ಇಲ್ಲಿ ಹೇಳಲೇಬೇಕು. ಅಲ್ಲಿಯ ಮೂರರಲ್ಲಿ ಸುಮಾರು ಎರಡು ಪಾಲು ಮನೆಗಳಿಗೆ ಊರಿನ ಒಂದು ಕೇಂದ್ರದಿಂದ ಕೊಳವೆಗಳಲ್ಲಿ ಬಿಸಿನೀರು ಹರಿದುಬಂದು ಕೋಣೆಗಳನ್ನು ಕಾಯಿಸುವುದು. ಗೋಡೆ ಬಾಗಿಲುಗಳು ಗಾಳಿಯಾಡದಂತೆ ಬಿಗಿ. ನಾವಾದರೋ ಅನ್ನ ಬಸಿಯುವವರು, ಸಾರು ಕುದಿಸುವವರು, ಒಗೆದ ಬಟ್ಟೆಯನ್ನು ಮನೆಯೊಳಗೇ ಹರವುವವರು. ಆ ಹಬೆಯೆಲ್ಲ ತಣ್ಣನೆಯ ಗಾಜಿಗೆ ತಗುಲಿ ನೀರಾಗಿ, ಕಿಟಕಿಯ ಮೂಲೆಗಳಲ್ಲಿ ಬೂಷ್ಟು ಹಿಡಿಯುವುದು. ಚಳಿಯೆಂದು ಕಿಟಕಿ ಮುಚ್ಚಿಕೊಂಡೇ ಇರುವುದು ಇದಕ್ಕೆ ಮುಖ್ಯ ಕಾರಣ. ದಿನಕ್ಕೆ ಎರಡು ಮೂರು ಬಾರಿ, ಐದು ಹತ್ತು ನಿಮಿಷ, ಎದುರುಬದುರಿನ ಕಿಟಕಿಗಳನ್ನು ಪೂರ್ತಿಯಾಗಿ ತೆರೆದು ಮುಚ್ಚಿದರೆ ತೇವ ಹೋಗಿ ಗೋಡೆಯ ಬಿಸಿ ಉಳಿಯುವುದು. ಇದಕ್ಕೆ ಅವರು ‘ಲೊಫ್ತೆ ಊದ್’ ಎನ್ನುವರು. ಇನ್ನು ರಾಗಿಮುದ್ದೆಯ ಹಂಬಲವುಳ್ಳವರಿಗೆ ‘ರೂ’ ಎಂಬ ಧಾನ್ಯದ ಕಪ್ಪು ರೊಟ್ಟಿ ಅಲ್ಲಿ ಎಲ್ಲೆಡೆಯೂ ದೊರೆಯುವುದು. ಹುಳಿ ಸ್ವಲ್ಪ ಹೆಚ್ಚು, ಆದರೆ ಹೊಟ್ಟೆಯಲ್ಲಿ ನಿಲ್ಲುವ ಆಹಾರ.

ಭಾಷೆಯ ಕಷ್ಟವು ಬರಹಕ್ಕಿಂತ ಉಚ್ಚಾರಣೆಯಲ್ಲಿದೆ. ಬರೆದುದರಲ್ಲಿ ಅರ್ಧವನ್ನು ಅವರು ನುಂಗಿಬಿಡುವರೆಂಬ ದೂರು ಎಲ್ಲ ಪರದೇಶಿಗಳದ್ದು. ಶಬ್ದದ ಕೊನೆಯ ದಕಾರವು ನಮ್ಮ ಕಿವಿಗೆ ಲಕಾರದಂತೆ ಕೇಳುವುದು. ಗಂಟಲನ್ನು ಕ್ಷಣಮಾತ್ರ ಹಿಡಿದು ಬಿಡುವ ಒಂದು ತಡೆಯೂ ಉಂಟು. ‘ಹುನ್’ ಎಂದರೆ ಅವಳು, ಅದನ್ನೇ ಗಂಟಲು ತಡೆದು ಹೇಳಿದರೆ ನಾಯಿ! ಇಂಥ ಕಡೆ ದೊಡ್ಡವರಿಗೆ ಮಕ್ಕಳೇ ಗುರುಗಳು. ಇದಕ್ಕೆ ನಮ್ಮ ನೆರೆಯಲ್ಲಿಯೇ ಹಳೆಯ ನಿದರ್ಶನವಿದೆ. ನಮ್ಮ ಹೇಮಾವತಿಯ ನೀರು ಕಾವೇರಿಯನ್ನು ಕೂಡಿ ಕಡಲಿಗೆ ಸಾಗುವ ಸೀಮೆಯಲ್ಲಿ, ತಮಿಳುನಾಡಿನ ತರಂಗಂಬಾಡಿಯು 1620ರಿಂದ 1845ರವರೆಗೆ ಡೇನರ ನೆಲೆಯಾಗಿತ್ತು. ಡೆನ್ಮಾರ್ಕಿನ ದೊರೆ ನಾಲ್ಕನೆಯ ಫ್ರೆಡರಿಕನು ಕಳುಹಿಸಿದ ಸೀಗನ್‌ಬಾಲ್ಗ್ ಎಂಬ ಜರ್ಮನ್ ಪಾದ್ರಿಯು 1706ರಲ್ಲಿ ಅಲ್ಲಿಗೆ ಬಂದು, ಊರಿನ ಮಕ್ಕಳ ಜೊತೆಗೆ ಕುಳಿತು ಮರಳಿನಲ್ಲಿ ಬೆರಳಿಟ್ಟು ತಮಿಳಿನ ಅಕ್ಷರಗಳನ್ನು ತಿದ್ದಿದನು. ಹತ್ತು ವರ್ಷ ತುಂಬುವುದರೊಳಗೆ ಅವನ ತಮಿಳು ಗ್ರಂಥ ಅಚ್ಚಾಯಿತು. ಮಗುವಿನ ಚಿತ್ರಪುಸ್ತಕವನ್ನು ಮಗುವಿನೊಡನೆ ಓದಲು ಯಾವ ತಾಯಿಯೂ ನಾಚಬೇಕಾದುದಿಲ್ಲ. ದುಭಾಷಿತನಕ್ಕೂ ಇದಕ್ಕೂ ಬಹಳ ಅಂತರವಿದೆ. ಇಲ್ಲಿ ಇಬ್ಬರೂ ಕಲಿಯುವವರೇ.

ಲೆಕ್ಕದಲ್ಲಂತೂ ಹಾಸನದ ಅಜ್ಜಿಯೇ ಮುಂದು. ಡೇನರು ಐವತ್ತರಿಂದ ಮೇಲಿನ ಹತ್ತುಗಳನ್ನು ಇಪ್ಪತ್ತರ ಗಂಟಿನಲ್ಲಿ ಎಣಿಸುವರು. ಅರವತ್ತು ‘ತ್ರೆಸ್’, ಎಂದರೆ ಮೂರು ಇಪ್ಪತ್ತು. ಐವತ್ತು ‘ಹಲ್‌ತ್ರೆಸ್’, ಮೂರನೆಯದರಲ್ಲಿ ಅರ್ಧ, ಎಂದರೆ ಎರಡೂವರೆ ಇಪ್ಪತ್ತು. ಇದನ್ನು ಕೇಳಿ ಇಂಗ್ಲಿಷ್ ಓದಿದವರು ತಲೆ ಚಚ್ಚಿಕೊಳ್ಳುವರು. ಖಂಡುಗಕ್ಕೆ ಇಪ್ಪತ್ತು ಕೊಳಗವೆಂದು ಭತ್ತ ಅಳೆದವರಿಗೆ ಎರಡೂವರೆ ಖಂಡುಗಕ್ಕೆ ಐವತ್ತು ಕೊಳಗವೆಂಬುದು ಹೊಸತೇ? ಗಡಿಯಾರದಲ್ಲಿಯೂ ಇದೇ ಕ್ರಮ. ‘ಹಲ್ ತ್ರೆ’ ಎಂದರೆ ಎರಡೂವರೆ ಗಂಟೆ. ಮೂರೂವರೆಯೆಂದು ತಿಳಿದು ಹೋದರೆ ವೈದ್ಯರು ಸಿಕ್ಕುವುದಿಲ್ಲ.

ಶಿಷ್ಟಾಚಾರದ ಮಾತುಗಳಲ್ಲಿ ‘ತಕ್’ ಎಂಬುದೊಂದಿದ್ದರೆ ಮುಕ್ಕಾಲು ಸಂಸಾರ ಸಾಗುವುದು. ನಾವು ಮನೆಯವರಿಗೆ ಉಪಕಾರ ಹೇಳುವ ರೂಢಿಯಿಲ್ಲದವರು. ಅವರಾದರೋ ಊಟ ಮುಗಿದೊಡನೆ ಬಡಿಸಿದವರಿಗೆ ‘ತಕ್ ಫೊ ಮಲ್’ ಎನ್ನುವರು, ಮಕ್ಕಳು ಕೂಡ. ನಮ್ಮ ಮನೆಗಳ ಗಂಡಸರು ಬೇರೆ ಯಾವ ಡೇನಿಷ್ ಮಾತನ್ನು ಕಲಿಯದಿದ್ದರೂ ಇದನ್ನೊಂದು ಕಲಿಯಲಿ. ಬಂಧುತ್ವದ ಮಾತುಗಳಲ್ಲಿ ಮಾತ್ರ ಅವರು ನಮ್ಮವರೇ. ತಾಯಿಯ ತಾಯಿ ‘ಮೊರ್‌ಮೊರ್’, ತಂದೆಯ ತಾಯಿ ‘ಫಾರ್‌ಮೊರ್’, ಸೋದರಮಾವ ‘ಮೊರ್‌ಬ್ರೊರ್’, ಸೋದರತ್ತೆ ‘ಫಾಸ್ತರ್’. ಎಲ್ಲರನ್ನೂ ಅಂಕಲ್, ಆಂಟಿ ಎಂದು ಒಂದೇ ಗೂಡೆಗೆ ತುಂಬುವ ನಮ್ಮ ಪಟ್ಟಣಿಗರು ಇದನ್ನು ಗಮನಿಸಬಹುದು.

ದೀಪಕ್ಕೆ ಅವರ ಮಾತು ‘ಲ್ಯೂಸ್’. ಬೆಳಕಿಗೂ ಅದೇ, ಮೇಣದ ಬತ್ತಿಗೂ ಅದೇ. ಬತ್ತಿಯನ್ನು ‘ಜೀವವಿರುವ ಬೆಳಕು’ ಎಂದೂ ಕರೆದು ಚಳಿಗಾಲದುದ್ದಕ್ಕೂ ಮೇಜಿನ ಮೇಲೆ ಹಚ್ಚಿಡುವರು. ಆದರೆ ಮೈಗೆ ಬೇಕಾದ ಬೆಳಕನ್ನು ಬತ್ತಿ ಕೊಡಲಾರದು. ಅಕ್ಟೋಬರಿನಿಂದ ಮಾರ್ಚಿಯವರೆಗೆ ಅಲ್ಲಿಯ ಬಿಸಿಲಿನಿಂದ ಚರ್ಮವು ‘ಡಿ’ ಜೀವಸತ್ತ್ವವನ್ನು ತಯಾರಿಸಿಕೊಳ್ಳಲಾರದು. ನಮ್ಮಂಥ ಕಪ್ಪು ಮೈಬಣ್ಣದವರು ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ ತೆಗೆದುಕೊಳ್ಳಬೇಕೆಂದು ಅಲ್ಲಿಯ ಆರೋಗ್ಯ ಇಲಾಖೆ ಹೇಳುತ್ತದೆ. ಹಗಲು ಹನ್ನೆರಡರ ಹೊತ್ತಿಗೆ, ಮೋಡವಿದ್ದರೂ ಸರಿ, ಅರ್ಧ ಗಂಟೆ ಹೊರಗೆ ನಡೆದುಬರುವುದನ್ನು ಸ್ನಾನದಂತೆ ನಿತ್ಯವಿಧಿಯಾಗಿ ಇಟ್ಟುಕೊಳ್ಳಬೇಕು. ಹೋದಾಗ ಎದುರಾದವರಿಗೆ ‘ಹೈ’ ಎಂದರೆ ಸಾಕು.

ಇನ್ನು ಕನ್ನಡದ ಮಾತು. 2002ರಿಂದೀಚೆಗೆ, ಮುಖ್ಯವಾಗಿ ಯೂರೋಪ್ ಒಕ್ಕೂಟದ ಹೊರಗಿನಿಂದ ಬಂದವರ ಮಕ್ಕಳಿಗೆ, ತಾಯ್ನುಡಿಯನ್ನು ಉಚಿತವಾಗಿ ಕಲಿಸುವ ಕಟ್ಟುಪಾಡು ಅಲ್ಲಿಯ ಪೌರಸಭೆಗಳಿಗಿಲ್ಲ. ಆದುದರಿಂದ ಆ ಹೊಣೆ ಮನೆಯದು. ಅದರಲ್ಲಿ ಪಾಲು ಇಲ್ಲಿರುವ ಅಜ್ಜಿ ತಾತಂದಿರದೂ ಹೌದು. ಚಳಿಗಾಲದಲ್ಲಿ ಎರಡು ದೇಶಗಳ ಗಡಿಯಾರಗಳಿಗೆ ನಾಲ್ಕೂವರೆ ಗಂಟೆಯ ಅಂತರ. ದೊಡ್ಡಗದ್ದವಳ್ಳಿಯಲ್ಲಿ ರಾತ್ರಿ ಎಂಟಕ್ಕೆ ಊಟಕ್ಕೆ ಎಲೆ ಹಾಕುವಾಗ ಅಲ್ಲಿ ಮೂರೂವರೆ. ಹೊತ್ತು ಮುಳುಗಿ, ಮಗು ಮನೆಗೆ ಬರುವ ಸಮಯ. ಆಗ ದೂರವಾಣಿಯಲ್ಲಿ “ಊಟ ಆಯಿತೆ?” ಎಂಬುದೊಂದನ್ನೇ ಕೇಳದೆ, “ಇವತ್ತು ತಲೆಗೆ ಏನು ಹಾಕಿಕೊಂಡಿದ್ದೆ, ಕಂದ?” ಎಂದು ಅಜ್ಜಿ ಕೇಳಲಿ. ಮಗು ‘ಹೂಎ’ ಎಂದೀತು. “ನಮ್ಮಲ್ಲಿ ಅದಕ್ಕೆ ಕುಲಾವಿ ಅಂತಾರೆ, ಎಲ್ಲಿ, ಹೇಳು ನೋಡೋಣ” ಎಂದು ಅಜ್ಜಿ ಹೇಳಿಕೊಡಲಿ. ಮರುದಿನ ಕೈಗವಸು, ಅದರ ಮರುದಿನ ಮಂಜು.